ಕಾಕಾನ ಸೆಕೆಂಡ್ ಹ್ಯಾಂಡ್ ವಿಮಾನ

ವಿಮಾ ಏಜೆಂಟನ ಹಣೇಬರ ಇಷ್ಟ ನೋಡ್ರಿ, ಯಾರ ಮನ್ಯಾಗ ಯಾವ ಹುಚ್ಚು ಹುಟ್ಟಿದ್ರೂ ಅದು ಕಡೀಕೆ ಬಂದು ನನ್ನ ಬಾಗಲಾ ಬಡೀತೈತಿ. ಬ್ಯಾಂಡ್ ಕಂಪನಿಯವರು ತುತ್ತೂರಿಗೆ ವಿಮಾ ಕೇಳ್ಯಾರ. ಮಗಳ ಮದಿವ್ಯಾಗ ಮಳಿ ಬಂದ್ರ ಅಂತ ಒಬ್ಬರು ಹಂದರಕ್ಕ ಕೇಳ್ಯಾರ. ಇನ್ನ ಇದಕ್ಕಿಂತಾ ಏನ ಬರತೈತಿ ಬಿಡು ಅಂತ ಚಾ ಕುಡಕೋತ ಕುಂತಿದ್ದೆ. ನಮ್ಮ ಬೆಳಗಾವಿ ಅನಗೋಳದ ಓಣ್ಯಾಗ ಲೇತ್ ಮಶೀನಿನ ಕಾರ್ಖಾನಿ ಇಟ್ಟಿರೋ ಕಾಕಾ ಬಂದ್ರು.

"ತಮ್ಮಾ, ಒಂದು ವಿಮಾನ ತಗೋಳಾಕತ್ತೀನಿ. ಸೆಕೆಂಡ್ ಹ್ಯಾಂಡ್. ಸಾಲಾ, ವಿಮಾ ಎರಡೂ ನೀನ ನೋಡ್ಕೋ."

"ಯಾವ ಕಂಪನೀದ್ರಿ ಕಾಕಾ?"

"ಕಂಪನೀದಲ್ಲೋ. ಮನ್ಯಾಗ ಮಾಡಿದ್ದು."

ಮನ್ಯಾಗ ಮಾಡಿದ್ದು ಅಂದ್ರ ನಮ್ಮ ಕಡೆ ಶೇಂಗಾ ಹೋಳಿಗಿ, ಹಪ್ಪಳಾ, ಉಪ್ಪಿನಕಾಯಿ. ವಿಮಾನ ನಾ ಕೇಳಿರಲಿಲ್ಲ.

ಆದ್ರ ಖರೇನ ಇತ್ತು. ಖಾನಾಪುರದಾಗ ಒಬ್ಬರು ರಿಟಾಯರ್ ಮಾಸ್ತರು. ಐಟಿಐದಾಗ ಬಡಿಗತನ ಕಲಸ್ತಿದ್ರು. ಹೊರದೇಶದಿಂದ ನಕ್ಷಾ ತರಿಸಿಕೊಂಡು, ಮನಿ ಬಾಜು ಬಾಡಿಗಿ ಶೆಡ್ಡಿನ್ಯಾಗ ವರ್ಷಾನುಗಟ್ಲೆ ಕುಂತು, ಇಬ್ಬರು ಕುಂದ್ರೂವಂಥಾ ಒಂದು ಸಣ್ಣ ವಿಮಾನ ಮಾಡಿದ್ರು. ದಿಲ್ಲಿಯಿಂದ ಎಲ್ಲಾ ಪರವಾನಗಿ ತಂದು ತಾವ ಹಾರಿಸಿದ್ರು. ಈಗ ಕಣ್ಣು ಮಂಜಾಗ್ಯಾವ, ಡಾಕ್ಟರು ಹಾರಬ್ಯಾಡ್ರಿ ಅಂದಾರ. ಶೆಡ್ಡಿನ ಮಾಲಕರು ಜಾಗಾ ಖಾಲಿ ಮಾಡ್ರಿ ಅಂದಾರ. ಕಾಕಾಗ ಹಾರ್ಸೂ ಲೈಸೆನ್ಸ್ ಐತಿ, ಐವತ್ತು ದಾಟಿದ ಮ್ಯಾಲೆ ಹಟಾ ಹಿಡದು ಕಲತವರು.

ನಡುವ ಒಬ್ಬ ಢಾಬಾ ಮಾಲಕ ಇದ್ದ. ಗೋವಾ ರಸ್ತಾದ ಮ್ಯಾಲೆ ಅವನ ಢಾಬಾ. ವಿಮಾನ ಮಾಳಿಗಿ ಮ್ಯಾಲೆ ಇಟ್ಟು, ಲೈಟಿನ ಸರಾ ಹಾಕಿ, ಗಿರಾಕಿ ಸೆಳೀಬೇಕಂತ ಅವನ ವಿಚಾರ. ರೊಕ್ಕಾ ಕಿಸೆದಾಗ ಇಟ್ಕೊಂಡ ಅಡ್ಡಾಡ್ತಿದ್ದ.

ಮಾಸ್ತರು ಕಾಕಾನ ಕೈ ಹಿಡದು ಹೇಳಿದ್ರು, "ಹಾರೂದನ್ನ ಮಾಳಿಗಿಗೆ ಕಟ್ಟಿ ಹಾಕಿದ್ರ ನನ್ನ ಜೀವಾ ತಡಿಯೂದಿಲ್ರಿ. ದಸರಾದ ಖಂಡೇನವಮಿ ತನಕಾ ಕಾಯ್ತೀನಿ. ಅವತ್ತ ನೀವು ನನ್ನ ಮುಂದ ಹಾರಿಸಿ ತೋರಸ್ರಿ, ಸಹಿ ಮಾಡ್ತೀನಿ. ಇಲ್ಲಂದ್ರ ಢಾಬಾ."

ಅಲ್ಲಿಂದ ಸುರು ಆತು ನನ್ನ ಬೆಳಗಾವಿ–ಖಾನಾಪುರ ಬಸ್ಸಿನ ಓಡಾಟ.

ಮೂರು ಗಾಲಿ

ಮೊದಲ ಒಂದು ದೊಡ್ಡ ಬ್ಯಾಂಕಿಗೆ ಹೋದ್ವಿ. ಕಂಪ್ಯೂಟರ್ ಮುಂದಿನ ಹುಡುಗಿ ಕೇಳಿದ್ಲು, "ಗಾಡಿ ಯಾವುದ್ರಿ?"

"ವಿಮಾನ ರೀ," ಅಂದೆ.

ಆಕಿ ನಗಲಿಲ್ಲ, ಪಾಪ. ಮ್ಯಾಲಿಂದ ಕೆಳಗ ಹುಡುಕಿದ್ಲು. "ಎರಡು ಗಾಲಿ, ಮೂರು ಗಾಲಿ, ನಾಕು ಗಾಲಿ, ಟ್ರ್ಯಾಕ್ಟರ್. ಇಷ್ಟ ಅದಾವ್ರಿ."

ಕಾಕಾಗ ಸುಳ್ಳು ಹೇಳಿ ಗೊತ್ತಿಲ್ಲ. ಕೈಬಳ್ಳ ಮಡಚಿ ಎಣಿಸಿದ್ರು. ಮುಂದ ಒಂದು, ಹಿಂದ ಎರಡು. "ಮೂರು ಗಾಲಿ ಒತ್ತವ್ವಾ," ಅಂದ್ರು.

"ಮಂದಿ ಹೇರೂದೋ, ಮಾಲು ಹೇರೂದೋ?"

"ಮಂದಿ."

ಸ್ವಲ್ಪ ಹೊತ್ತಿಗೆ ಮ್ಯಾನೇಜರು ಒಳಗ ಕರದ್ರು. ಕಾಗದಾ ನೋಡಿ ಬೆವರು ಒರಿಸಿಕೊಂಡ್ರು. "ಹಿರಿಯಾರ, ಆಟೋ ರಿಕ್ಷಾಕ್ಕ ಇಷ್ಟು ಸಾಲಾ ಇವತ್ತಿನ ತನಕಾ ಯಾರೂ ಕೇಳಿಲ್ರಿ. ಹೋಗ್ಲಿ, ಯಾವ ಸ್ಟ್ಯಾಂಡಿನ್ಯಾಗ ಹಚ್ಚಾವ್ರು, ಬಸ್ ಸ್ಟ್ಯಾಂಡೋ, ರೇಲ್ವೆ ಸ್ಟೇಶನ್ನೋ?"

ಹಗ್ಗಾ ಹಿಡೀರಿ

ಬ್ಯಾಂಕು ಬ್ಯಾಡಂತ ಸದಾಶಿವನಗರದ ಒಂದು ಸೊಸಾಯ್ಟಿಗೆ ಹೋದ್ವಿ. ಅವರು ಮಾಲು ನೋಡಿ ಬರಾಕ ತಮ್ಮ ಸಾಹೇಬರೊಬ್ಬರನ್ನ ಖಾನಾಪುರಕ್ಕ ಕಳಿಸಿದ್ರು. ಈ ಸಾಹೇಬರು ಜನ್ಮದಾಗ ಎಮ್ಮಿ ಸಾಲಾ ಬಿಟ್ಟು ಬ್ಯಾರೆ ಸಾಲಾ ಕೊಟ್ಟವರಲ್ಲ. ಎಮ್ಮಿ ಸಾಲದ ಪದ್ಧತಿ ನಿಮಗ ಗೊತ್ತ ಐತಿ. ಹಲ್ಲು ನೋಡಬೇಕು, ಕಿವಿಗೆ ನಂಬರಿನ ಬಿಲ್ಲಿ ಹಾಕಿರಬೇಕು, ಸಾಲಗಾರ ಎಮ್ಮಿ ಹಗ್ಗಾ ಹಿಡದು ನಿಂತ ಫೋಟೋ ಬೇಕು.

ಸಾಹೇಬರು ಶೆಡ್ಡಿಗೆ ಬಂದವರ ನೆಟ್ಟಗ ಮೂತಿ ಕಡೆ ಹೋದ್ರು. ಅಲ್ಲೆ ಫ್ಯಾನ್ ಇತ್ತು, ಹಲ್ಲು ಇರಲಿಲ್ಲ. ಒಂದು ಸುತ್ತು ಹಾಕಿ ಹಿಂದ ಹೋಗಿ ಬಾಲಾ ಸವರಿದ್ರು.

"ಬಿಲ್ಲಿ ಎಲ್ಲೈತ್ರಿ?"

ನಾ ಇನ್ನ ಏನಪಾ ಹೇಳೂದು ಅನ್ನೂದ್ರಾಗ ಮಾಸ್ತರು, "ಇಲ್ಲೈತಿ ಬರ್ರಿ," ಅಂತ ಬಾಜೂಕ ಬಡದಿದ್ದ ಒಂದು ಉಕ್ಕಿನ ತಗಡು ತೋರಿಸಿದ್ರು. ವಿಮಾನದ ನಂಬರು ಕೆತ್ತಿದ ತಗಡು. ಬೆಂಕಿ ಹತ್ತಿದ್ರೂ ಅದೊಂದು ಉಳೀಬೇಕಂತ ಸರಕಾರದ ಕಾಯ್ದೆ. ಸಾಹೇಬರ ಮಾರಿ ಅರಳಿತು. "ಹಿಂಗ ಇರಬೇಕ ನೋಡ್ರಿ! ನಮ್ಮ ರೈತರು ಬಿಲ್ಲಿ ಕಿತ್ತು ಒಗೀತಾರ."

ಆಮ್ಯಾಲೆ ಕಾಕಾನ ಕಡೆ ತಿರುಗಿ, "ಹಗ್ಗಾ ಹಿಡೀರಿ," ಅಂದ್ರು. ಗಾಳಿ ಬಂದಾಗ ವಿಮಾನ ಕಟ್ಟಿ ಹಾಕೂ ಹಗ್ಗಾ ಇತ್ತು. ಕಾಕಾ ಒಂದು ಕೈಯಾಗ ಹಗ್ಗಾ, ಒಂದು ಕೈ ವಿಮಾನದ ಬೆನ್ನ ಮ್ಯಾಲೆ ಇಟ್ಟು ಫೋಟೋಕ್ಕ ನಿಂತ್ರು. ಮರುದಿವಸ ನಾ ರಿಪೋರ್ಟ್ ಓದಿದೆ. ಎಲ್ಲಾ ಬರೋಬ್ಬರಿ ಬರದಿದ್ರು. ಕಡೀ ಸಾಲು, "ಹಾಯುವ, ಒದೆಯುವ ಚಟವಿಲ್ಲ."

ಪಾಲಿಸ್ಟರ್

ಇನ್ನ ವಿಮಾದ ಕಥಿ. ಸೊಸಾಯ್ಟಿಯವರು ವಿಮಾ ಮಾಡಿಸಿ ಬರ್ರಿ, ಸಾಲಾ ಕೊಡ್ತೀವಿ ಅಂತಾರ. ನಮ್ಮ ಕಂಪನಿಯವರು ಸಾಲಾ ಪಾಸಾಗಿ ವಿಮಾನ ಕಾಕಾನ ಹೆಸರಿಗೆ ಆಗ್ಲಿ, ವಿಮಾ ಮಾಡ್ತೀವಿ ಅಂತಾರ. ಹುಚ್ಚು ಬಿಡೂತನಕಾ ಮದಿವಿ ಆಗೂದಿಲ್ಲ, ಮದಿವಿ ಆಗೂತನಕಾ ಹುಚ್ಚು ಬಿಡೂದಿಲ್ಲ! ಕಡೀಕೆ ನಾ ಇಬ್ಬರ ಕಾಲಿಗೂ ಬಿದ್ದು, ಖಂಡೇನವಮಿ ಮುಂಜಾನೆ ವಿಮಾ, ಮಾಸ್ತರ ಸಹಿ ಆದಕೂಡಲೇ ಸಾಲದ ಚೆಕ್ಕು, ಅಂತ ಒಪ್ಪಿಸಿದೆ.

ಕಂಪನಿಯಿಂದ ತಪಾಸ ಮಾಡಾಕ ಬಂದವರು ಲಾರಿ ತಪಾಸದವರು. ಲಾರಿ ನೋಡೂ ಪದ್ಧತಿ ಪ್ರಕಾರ ಮೊದಲ ಗಾಲಿ ಒದ್ದರು. ಆಮ್ಯಾಲೆ ಮೈ ಮ್ಯಾಲೆ ಬಳ್ಳಿಂದ ಟಕ್ ಟಕ್ ಬಡೀಬೇಕಂತ ಕೈ ಎತ್ತಿದ್ರು. ಲಾರಿ ಆದ್ರ ಠಣ್ ಅಂತೈತಿ. ಇದು ದಮ್ ಅಂತು.

"ಏನ್ರಿ ಇದು?"

"ಬಟ್ಟಿ ರೀ," ಅಂದ್ರು ಮಾಸ್ತರು. "ಒಳಗ ಕಟಿಗಿ, ಮ್ಯಾಲೆ ಬಟ್ಟಿ. ಪಾಲಿಸ್ಟರ್."

ಅವರು ತಮ್ಮ ಪ್ಯಾಂಟಿನ ತೊಡಿ ಚೂಟಿ ನೋಡಿಕೊಂಡ್ರು. "ಇದೂ ಪಾಲಿಸ್ಟರ್ ರೀ. ಸ್ಕೂಟರ್ ಹತ್ತುವಾಗ ಪರ್ ಅಂತೈತಿ. ನೀವು ಇದನ್ನ ಉಟ್ಟಕೊಂಡು ಮೋಡದಾಗ ಹೊಂಟೀರಿ?"

ಮಾಸ್ತರು ಸಿಟ್ಟಾಗಲಿಲ್ಲ. ಬಟ್ಟಿ ತುಂಡು ಕೊಟ್ಟು ಜಗ್ಗಿಸಿದ್ರು. ಇವರು ಒಂದು ಕಡೆ, ನಾ ಒಂದು ಕಡೆ, ಹಗ್ಗ ಜಗ್ಗಾಟ ಆಡಿದ್ವಿ, ಹರೀಲಿಲ್ಲ. ಖುಷಿಯಾಗಿ ಫಾರ್ಮ್ ತುಂಬಾಕ ಕುಂತ್ರು.

"ಮಾಡಿದ ಕಾರ್ಖಾನಿ?"

"ಇದ ಶೆಡ್ಡು."

"ಸರ್ವಿಸ್ ಸೆಂಟರ್?"

"ನಾನ."

"ನೀವು ಸಿಗಲಿಲ್ಲಂದ್ರ?"

ಮಾಸ್ತರು ವಿಚಾರ ಮಾಡಿ ಹೇಳಿದ್ರು, "ಬಾಜೂ ಮನ್ಯಾಗ ನನ್ನ ಹೆಂಡತಿ ಇರ್ತಾಳ್ರಿ. ಕೇಳ್ರಿ, ಸಂತಿಗೆ ಹೋಗೀನೋ ಹೆಂಗೋ ಹೇಳ್ತಾಳ."

ಜಾಮೀನು

ಸೊಸಾಯ್ಟಿ ಡೈರೆಕ್ಟರುಗಳ ಮೀಟಿಂಗು. ನಾ, ಕಾಕಾ, ಮಾಸ್ತರು ಮೂವರೂ ಹೋಗಿದ್ವಿ. ಚುರಮರಿ, ಮಿರ್ಚಿ ಬಜಿ ಬಂದ್ವು. ಎಲ್ಲಾರ್ಕಿಂತ ಹಿರಿಯಾರೊಬ್ಬರು ಬಜಿ ಕಡಕೋತ ಕೇಳಿದ್ರು, "ಕಂತು ತಪ್ಪಿಸಿದ್ರ ಏನ ಮಾಡೂದು? ಟ್ರ್ಯಾಕ್ಟರ್ ಆದ್ರ ಒಂದು ಗಾಲಿ ಬಿಚ್ಚಿ ತಂದು ಆಫೀಸಿನ್ಯಾಗ ಇಡ್ತೀವಿ. ಇದು ಮ್ಯಾಲೆ ಇದ್ರ?"

"ಪೆಟ್ರೋಲ್ ತೀರಿದ ಮ್ಯಾಲೆ ಇಳೀಲೇಬೇಕಲ್ರಿ," ಅಂದ್ರು ಮತ್ತೊಬ್ಬರು.

"ಇಳದು ಇಳದು ಗೋವಾದಾಗ ಇಳದ್ರ?"

ಮೂರು ಮಂದಿ ಡೈರೆಕ್ಟರು ಒಮ್ಮೆಲೆ ಕೈ ಎತ್ತಿದ್ರು, "ವಸೂಲಿಗೆ ನಾ ಹೋಗ್ತೀನ್ರಿ!"

ಅದು ಮುಗೀತು. ಜಾಮೀನು ಯಾರು? ಕಾಕಾನ ಗೆಳೆಯಾರು ವಿಮಾನ ಅಂದಕೂಡಲೇ ಫೋನ್ ಇಡ್ತಿದ್ರು. ಕಾಕಾ ತಲಿ ತಗ್ಗಿಸಿ ಕುಂತ್ರು. ಇಷ್ಟೆಲ್ಲಾ ಮಾಡಿ ಢಾಬಾದ ಪಾಲು ಆಗತೈತಲ್ಲಾ ಅಂತ ನಾ ಕಾಗದಾ ಚೀಲಕ್ಕ ತುಂಬಾಕತ್ತಿದ್ದೆ. ಅಷ್ಟರಾಗ ಮೂಲ್ಯಾಗಿಂದ ಮಾಸ್ತರು ಎದ್ದರು. "ನಾ ಈ ಸೊಸಾಯ್ಟಿ ಮೆಂಬರ್ ಅದೀನ್ರಿ. ನಾ ಆಗ್ತೀನಿ ಜಾಮೀನು."

ಸೊಸಾಯ್ಟಿ ಮ್ಯಾನೇಜರು ಕುರ್ಚಿ ಮುಂದ ಸರಿಸಿದ್ರು. "ಮಾಸ್ತರ, ನೀವು ಮಾರಾವ್ರು! ಅವರು ತುಂಬಲಿಲ್ಲಂದ್ರ, ನೀವ ಮಾರಿದ ವಿಮಾನದ ಸಾಲಾ ನೀವ ತುಂಬಿ, ವಿಮಾನ ನೀವ ಒಯ್ಯಬೇಕಾಕ್ಕೈತಿ."

"ಒಯ್ಯಬಹುದೇನ್ರಿ?" ಅಂದ್ರು ಮಾಸ್ತರು. ಮಾರಿ ಮ್ಯಾಲೆ ಎಂಥಾ ಆಸೆ ಬಂತಂದ್ರ, ಕಾಕಾ ಗಾಬರಿಯಾಗಿ, "ಮಾಸ್ತರ, ನಾ ಎಲ್ಲಾ ಕಂತೂ ತುಂಬಾವಾ!" ಅಂತ ಒದರಿದ್ರು.

ಕಾಕು

ಕಾಕಾನ ಹೆಂಡತಿ ಕಾಕು ರೊಟ್ಟಿ ಬಡೀತಿದ್ರು. ವಿಮಾನದ ಜೋಡಿ ಕಾಕಾನ ಜೀವಕ್ಕೂ ವಿಮಾ, ಅದಕ್ಕ ಹೆಂಡತಿ ಸಹಿ ಬೇಕ ಬೇಕು ಅಂದಿದ್ರು ನಮ್ಮ ಕಂಪನಿಯವರು. ನಾ ನಾಮಿನಿ ಫಾರ್ಮ್ ಮುಂದ ಹಿಡದೆ.

"ಏನಪಾ ಇದು?"

"ಕಾಕಾಗ ಏನರ ಹೆಚ್ಚು ಕಡಿಮಿ ಆದ್ರ ನಿಮಗ ರೊಕ್ಕಾ ಬರತೈತ್ರಿ ಕಾಕು. ಸಹಿ ಬೇಕು."

ರೊಟ್ಟಿ ಬಡಿಯೂ ಸಪ್ಪಳ ನಿಂತಿತು. "ಅಷ್ಟ ರೊಕ್ಕಾ ತಗೊಂಡು ಸಂಜೀಕ ನಾ ಯಾರ ಜೋಡಿ ಜಗಳಾ ಆಡ್ಲಿ?" ಅಂದ್ರು. ಕಣ್ಣಾಗ ನೀರು ಬಂದಿತ್ತು. "ಮನಷ್ಯಾ ಬೇಕೋ ತಮ್ಮಾ ನನಗ. ಸಹಿ ಆಗೂದಿಲ್ಲ."

ನನಗ ಭಾಳ ಕೆಟ್ಟನಿಸ್ತು. ಇಷ್ಟು ವರ್ಷ ಎಷ್ಟೋ ಮಂದಿ ಕಡೆ ಆ ಫಾರ್ಮಿನ ಮ್ಯಾಲೆ ಸಹಿ ತಗೊಂಡೀನಿ, ಯಾರೂ ಇದನ್ನ ಕೇಳಿರಲಿಲ್ಲ. ಕಾಕಾ ಎರಡು ದಿವಸ ಊಟಾ ಸುದ್ದಾ ಸರಿ ಮಾಡಲಿಲ್ಲ. ಕಡೀಕೆ ನಾ ಕಾಕುನ್ನ ಖಾನಾಪುರಕ್ಕ ಕರಕೊಂಡು ಹೋದೆ. ಮಾಸ್ತರ ಹೆಂಡತಿ ಮರಾಠಿ ಕೂಡಿಸಿದ ಕನ್ನಡದಾಗ, "ಯಾ ಯಾ, ಬಸಾ, ಕುಂದರ್ರಿ," ಅಂತ ಚಾ ಕೊಟ್ರು.

"ನಿಮಗ ಅಂಜಿಕಿ ಆಗ್ತಿರಲಿಲ್ಲೇನ್ರಿ?" ಅಂತ ಕೇಳಿದ್ರು ಕಾಕು.

"ಮೊದಲ ಆಗ್ತಿತ್ತು. ಖರೇ ಹೇಳ್ತೀನಿ, ಇವರು ಮಾಡಿದ್ದು ಒಂದು ಸ್ಟೂಲ್ ಸುದ್ದಾ ಇವತ್ತಿನ ತನಕಾ ಅಲುಗಾಡಿಲ್ಲ. ಮತ್ತ ಏನಂದ್ರ," ಅಂತ ಮಾಸ್ತರ ಕಡೆ ಕಣ್ಣು ಹಾಯಿಸಿ ದನಿ ಇಳಿಸಿದ್ರು, "ಇವರು ಹಾರಾಕ ಹೋದ ದಿವಸ ಮನಿ ಎಷ್ಟು ಶಾಂತ ಇರ್ತಿತ್ತಂತೀರಿ! ಅದನ್ನ ಎಲ್ಲಿಟ್ಟಿ, ಇದನ್ಯಾಕ ಇಲ್ಲಿಟ್ಟಿ, ಏನಂದ್ರ ಏನೂ ಇಲ್ಲ."

ಕಾಕು ಚಾದ ಬಸಿ ಕೆಳಗಿಟ್ಟು ನನ್ನ ಕಡೆ ಕೈ ಚಾಚಿದ್ರು. "ಪೆನ್ನ ತಾ."

ಖಂಡೇನವಮಿ

ಒಂದು ಸಕ್ಕರಿ ಕಾರ್ಖಾನಿಯವರ ಖಾಸಗಿ ರನ್‌ವೇ ಕೇಳಿಕೊಂಡಿದ್ವಿ. ಖಾನಾಪುರದಿಂದ ವಿಮಾನ ತರಾಕ ಲಾರಿ ಕೊಟ್ಟವ ಯಾರು ಗೊತ್ತೇನ್ರಿ? ಢಾಬಾ ಮಾಲಕ! "ಹಾರಿದ್ರ ನಿಮ್ದು, ಹಾರದಿದ್ರ ನಂದು. ಬಾಡಿಗಿ ಬ್ಯಾಡ," ಅಂದಿದ್ದ. ಲಾರಿ ಹಿಂದ ಒಂದು ಕ್ರೇನೂ ತಂದು ನಿಲ್ಲಿಸಿದ್ದ, ಅದಕ್ಕೂ ಚೆಂಡಹೂವಿನ ಮಾಲಿ ಹಾಕಿ.

ಮುಂಜಾನೆ ವಿಮಾ ಚಾಲೂ ಆತು. ಪೂಜಿಗೆ ಬಂದ ಅಯ್ಯನವರು ರೆಕ್ಕಿಗೆ ವಿಭೂತಿ ಹಚ್ಚಿ ಆರತಿ ಎತ್ತಿದ್ರು. ಗಾಲಿಗೊಂದು ಲಿಂಬಿಹಣ್ಣು ಇಟ್ವಿ. ಕಾಯಿ ನಾನ ಒಡಿಯಾಕಿ ಅಂತ ಕಾಕು ಮೊದಲ ಹೇಳಿದ್ರು. ಮಾಸ್ತರು, "ದೂರ ಒಡೀರಿ ಯವ್ವಾ, ದೂರ!" ಅನ್ನೂದ್ರಾಗ, ಕಾಕು ಗಂಡನ ಮ್ಯಾಲಿನ ಅಷ್ಟೂ ಕಾಳಜಿ ಕೂಡಿಸಿ ಕಾಯಿ ಕಲ್ಲಿಗೆ ಅಪ್ಪಳಿಸಿದ್ರು. ಚಿಪ್ಪಿನ ಒಂದು ಚೂರು ಸಿಡದು ನೆಟ್ಟಗ ಹೋಗಿ ರೆಕ್ಕಿಗೆ ಬಡೀತು. ಪರ್! ಗೇಣುದ್ದ ಹರೀತು.

ಎಲ್ಲಾರೂ ರೆಕ್ಕಿ ಕಡೆ ಓಡಿದ್ರು. ಢಾಬಾ ಮಾಲಕ ಒಬ್ಬನ ಕ್ರೇನ್ ಡ್ರೈವರಗ ಮೆಲ್ಲಕ, "ಚಾಲೂ ಕರ್," ಅಂದ.

ನಾ ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆ ಸಾಹೇಬರು ಕೇಳಿದ್ರು, "ಎಷ್ಟು ಎತ್ತರದಾಗ ಆತ್ರಿ ಅಪಘಾತ?"

"ನೆಲದ ಮ್ಯಾಲೆ ರೀ."

"ಏನ ಬಡೀತು? ಹಕ್ಕಿ?"

"ತೆಂಗಿನಕಾಯಿ ರೀ."

"ಆ ಹೊತ್ತಿನ್ಯಾಗ ವಿಮಾನ ಯಾರ ಕೈಯಾಗಿತ್ತು?"

"ಅಯ್ಯನವರ ಕೈಯಾಗ್ರಿ," ಅಂದೆ. ಫೋನ್ ಕಟ್ ಆತು.

ಮಾಸ್ತರು ಮಾತ್ರ ಗಾಬರಿ ಆಗಲಿಲ್ಲ. ಬಟ್ಟಿ, ಅಂಟು ತಂದಿದ್ರು. ತ್ಯಾಪಿ ಹಚ್ಚಿದ್ರು. ಬಟ್ಟಿ ಬಿಗಿ ಆಗಾಕ ಇಸ್ತ್ರಿ ಬೇಕು ಅಂದ್ರು. ಕಾರ್ಖಾನಿ ಗೆಸ್ಟ್ ಹೌಸಿನಿಂದ ಇಸ್ತ್ರಿ ಪೆಟ್ಟಿಗಿ ಬಂತು. ಮಾಸ್ತರು ಸಣ್ಣ ಕಾವಿಗೆ ಇಟ್ಟು ಕೊಟ್ರು, ಕಾಕು ಸೆರಗು ಕಟ್ಟಿ ವಿಮಾನಕ್ಕ ಇಸ್ತ್ರಿ ಮಾಡಿದ್ರು. "ನನ್ನ ಕೈಯಿಂದ ಹರದೈತಿ, ನನ್ನ ಕೈಯಿಂದ ಸರಿ ಆಗ್ಲಿ. ಇನ್ನ ಇದು ಢಾಬಾಕ್ಕ ಹೋದ್ರ ನಾ ಮಾರಿ ಹೆಂಗ ತೋರಸ್ಲಿ?" ಅಂತಿದ್ರು.

ಅಂಟು ಒಣಗಿ, ಮಾಸ್ತರು ಮುಟ್ಟಿ ಮುಟ್ಟಿ ನೋಡಿ, ಹೂಂ ಅಂದಾಗ ಮಧ್ಯಾಹ್ನ ಆಗಿತ್ತು. ಮೊದಲ ಕಾಕಾ ಒಬ್ಬರ ಹೊಂಟ್ರು. ಮಾಸ್ತರಿಗೆ ದೂರಿಂದು ಕಾಣೂದಿಲ್ಲ. ನನ್ನ ಕೈ ಗಟ್ಟಿ ಹಿಡಕೊಂಡಿದ್ರು.

"ಎದ್ದಿತೇನ್ರಿ?"

"ಎದ್ದಿತ್ರಿ ಮಾಸ್ತರ."

ಆ ಮುದುಕರ ಅಳು, ನಗು ಎರಡೂ ಕೂಡಿ ಬಂದ್ವು. ನನ್ನ ಕಣ್ಣೂ ಒದ್ದಿ ಆದ್ವು. ಯಾಕ ಸುಳ್ಳ ಹೇಳ್ಲಿ?

ಕಾಕಾ ಸುರಳೀತ ಇಳದ್ರು. ಮಾಸ್ತರು ಸಹಿ ಮಾಡಾಕ ಪೆನ್ನು ತಗದ್ರು. "ನಿಂದರ್ರಿ," ಅಂದ್ರು ಕಾಕು. "ನಾ ಒಂದು ಸಲ ಕುಂತು ಬರ್ತೀನಿ. ಆಮ್ಯಾಲೆ ಸಹಿ."

ಹಿಂದಿನ ಸೀಟಿನ್ಯಾಗ ಕುಂತ್ರು. ಒಬ್ಬರ ಮಾತು ಒಬ್ಬರಿಗೆ ಕೇಳಲಿ ಅಂತ ಇಬ್ಬರ ಕಿವಿಗೂ ಹೆಡ್‌ಫೋನ್ ಹಾಕಿದ್ವಿ. ಎರಡು ಸುತ್ತು ಅಂತ ಹೇಳಿ ಹೋದವರು ಸುತ್ತತಾನ ಇದ್ರು, ಇಳೀಲಿಲ್ಲ. ನಮ್ಮ ಜೀವಾ ಬಾಯಿಗೆ ಬಂತು. ಕಡೀಕೆ ಇಳದ್ರು. ಕಾಕು ಮಾರಿ ಪೌರ್ಣಿಮಿ ಚಂದ್ರ. ಓಡಿ ಬಂದು ಮಾಸ್ತರಿಗೆ ಹೇಳಿದ್ರು, "ಮಾಸ್ತರ, ಲಗೂ ಸಹಿ ಮಾಡ್ರಿ! ಮ್ಯಾಲೆ ಇವರಿಗೆ ಫೋನ್ ಬರೂದಿಲ್ಲ, ಗೆಳೆಯಾರು ಕರಿಯೂದಿಲ್ಲ, ಎದ್ದು ಹೊರಗ ಹೋಗಾಕ ಬರೂದಿಲ್ಲ. ಮದಿವ್ಯಾದ ಮ್ಯಾಲೆ ಮೊದಲ ಸಲ ನಾ ಹೇಳಿದ್ದೆಲ್ಲಾ ಪೂರ್ತಿ ಕೇಳ್ಯಾರ. ಇನ್ನ ಪ್ರತಿ ಐತವಾರ ನಾನೂ ಹೋಗಾಕಿ!"

ಮಾಸ್ತರು ಸಹಿ ಮಾಡಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು, ಕ್ರೇನ್ ಬರಿಗೈಲೆ ಹೊಳ್ಳಿ ಹೋತು. ಕಾಕಾ ಮಾತ್ರ ಮೆಲ್ಲಕ ನನ್ನ ಬಾಜೂ ಬಂದು, ಮಾರಿ ಸಣ್ಣದು ಮಾಡಿಕೊಂಡು ಕಿವ್ಯಾಗ ಕೇಳಿದ್ರು:

"ತಮ್ಮಾ, ಹಿಂದಿನ ಸೀಟಿಗೆ ವಿಮಾ ಇಲ್ಲಂತ ಒಂದು ಕಾಗದಾ ಬರದು ಕೊಡಾಕ ಬರತೈತೇನೋ?"