ಸೈನಿಕರ ಚೀಲದಲ್ಲಿ ಸತಿಪತಿ

ಗಾಜಿನ ಕಿಟಕಿಯ ಒಳಗೆ ಕುಳಿತು, ಹೊರಗಿನ ಚಳಿಯನ್ನು ಬರಿಯ ಕಣ್ಣಿನಿಂದ ಸವಿದು ಬರುವ ಹೇಡಿಗಳ ಸಾಲಿನಲ್ಲಿ ದಯವಿಟ್ಟು ನನ್ನನ್ನು ಎಣಿಸಬೇಡಿ! ಹಿಮ ಹೆಪ್ಪುಗಟ್ಟುವ ಬೆಟ್ಟದ ನೆತ್ತಿಯಲ್ಲಿ, ತೆರೆದ ಬಯಲಿನಲ್ಲಿ, ಅತ್ಯಲ್ಪ ವೆಚ್ಚದಲ್ಲಿ, ಧರ್ಮಪತ್ನೀಸಮೇತನಾಗಿ ಒಂದು ರಾತ್ರಿಯನ್ನು ಕಳೆದು ಬರುವೆನೆಂದು ಪಣ ತೊಟ್ಟವನು ನಾನು. ಪಣವನ್ನು ನೆರವೇರಿಸಿದೆನೇ ಎಂದರೆ, ನೆರವೇರಿಸಿದೆ. ಹೇಗೆ ಎಂದು ಮಾತ್ರ ಕೇಳಬಾರದು. ಕೇಳದಿದ್ದರೂ ಹೇಳುತ್ತೇನೆ, ಹೇಳಿಕೊಂಡರೆ ಅರ್ಧ ಪಾಪ ಕಳೆಯುತ್ತದೆಯಂತೆ.

ಮೊದಲು ನಮ್ಮ ಸಂಸಾರದ ಸ್ಥಿತಿಯನ್ನು ಅರುಹಬೇಕು. ನಾನು ದಿನಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಕರಡು ತಿದ್ದುವವನು. ನನ್ನ ಮಡದಿ ಆಸ್ಪತ್ರೆಯಲ್ಲಿ ಹಗಲು ಪಾಳಿಯ ನರ್ಸು. ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ನಾನು ಚಪ್ಪಲಿ ಬಿಡುತ್ತೇನೆ. ಸಂಜೆ ಇದೇ ಆಟದ ಅದಲು ಬದಲು. ವಾರದ ರಜೆಯೂ ಬೇರೆ ಬೇರೆ ದಿನ, ನನ್ನ ರಜೆಯ ರಾತ್ರಿಯೇ ಅವಳಿಗೆ ಆಸ್ಪತ್ರೆಯಲ್ಲಿ ಹೆಚ್ಚುವರಿ ಪಾಳಿ. ಹಾಸಿಗೆಯಲ್ಲಿ ಅವಳು ಬಿಟ್ಟೆದ್ದ ತಗ್ಗು ಇನ್ನೂ ಬೆಚ್ಚಗಿರುವಾಗಲೇ ನಾನು ಅದರೊಳಗೆ ಉರುಳುತ್ತೇನೆ. ಮದುವೆಯಾದಂದಿನಿಂದ ಆ ಬಿಸುಪಿನೊಡನೆಯೇ ನನ್ನ ದಾಂಪತ್ಯ! ಸೂರ್ಯಚಂದ್ರರಿಗಾದರೂ ಗ್ರಹಣದ ದಿನ ಭೇಟಿಯುಂಟು. ನಮಗೆ ಹೊಸ್ತಿಲೊಂದೇ ಗತಿ.

ಹಗಲು ಪಾಳಿಗೆ ಬನ್ನಿರೆಂದು ಸಂಪಾದಕರು ಕರೆಯಲಿಲ್ಲವೇ? ಕರೆದರು, ಹಲವು ಸಲ ಕರೆದರು. "ನಾನಿಲ್ಲದ ರಾತ್ರಿ ಪತ್ರಿಕೆಯ ಮಾನ ಕಾಯುವವರು ಯಾರು?" ಎಂದು ಎದೆಯುಬ್ಬಿಸಿ ನಿರಾಕರಿಸಿದ ಮಹಾನುಭಾವನೂ ನಾನೇ.

ಒಂದು ದಿನ ಹೊಸ್ತಿಲಿನಲ್ಲಿ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕುತ್ತ ಅವಳು ಹೇಳಿದಳು: "ರೀ, ಒಂದೇ ಒಂದು ರಾತ್ರಿ. ಇಬ್ರೂ ಒಟ್ಟಿಗೆ ಮಲಗಿ ನಕ್ಷತ್ರ ನೋಡ್ಬೇಕು. ಬೆಳಗ್ಗೆ ಒಟ್ಟಿಗೇ ಏಳ್ಬೇಕು. ಬೇರೇನೂ ಕೇಳಲ್ಲ ನಿಮ್ಮನ್ನ."

ಇಬ್ಬರ ರಜೆಯೂ ಕೂಡಿಬರುವಂತೆ ನಾನು ಸಂಪಾದಕರನ್ನೂ ಅವಳು ದೊಡ್ಡ ನರ್ಸಮ್ಮನನ್ನೂ ಕಾಡಿ ಬೇಡಿದೆವು. ಸೇನೆಯವರು ಹಳತೆಂದು ಮಾರಿಬಿಟ್ಟ ಸರಂಜಾಮುಗಳ ಅಂಗಡಿಗೆ ನಾನು ದಂಡೆತ್ತಿ ಹೋದೆ. ಅಲ್ಲಿ ಬೂಟುಗಳ ಬೆಟ್ಟದ ಹಿಂದೆ, ಪಾಚಿ ಬಣ್ಣದ ಸ್ಲೀಪಿಂಗ್ ಬ್ಯಾಗುಗಳು ಉಪವಾಸದ ಹೆಬ್ಬಾವುಗಳಂತೆ ಬಿದ್ದಿದ್ದವು.

"ತಗೊಳ್ಳಿ ಸಾರ್, ಇದ್ರೊಳಗೆ ಹೊಕ್ಕರೆ ಮಂಜುಗಡ್ಡೆ ಮೇಲೂ ಬೆವರ್ತೀರಿ!" ಎಂದ ಅಂಗಡಿಯವನು, ಎರಡನ್ನು ಎಳೆದು ಮುಂದಿಟ್ಟು.

ಹುಟ್ಟಾ ಕರಡು ತಿದ್ದುವವನ ಕಣ್ಣು ಸುಮ್ಮನಿದ್ದೀತೇ? "ಇದೇನಯ್ಯಾ! ಇದರ ಜಿಪ್ಪು ಎಡಗಡೆ, ಅದರ ಜಿಪ್ಪು ಬಲಗಡೆ?"

"ಎರಡು ಥರಾನೂ ಬರುತ್ತೆ ಸಾರ್."

"ಬರಬಾರದು! ಜೋಡಿ ಅಂದಮೇಲೆ ಎರಡೂ ಒಂದೇ ಥರ ಇರಬೇಕು." ಬಲಗಡೆಯದನ್ನು ಅಪಶಬ್ದದಂತೆ ಆಚೆಗೆಸೆದು, ರಾಶಿಯನ್ನೆಲ್ಲ ಮಗುಚಿ, ಎಡ ಜಿಪ್ಪಿನ ಅವಳಿಯನ್ನು ಹುಡುಕಿ ಹೊತ್ತು ತಂದೆ.

ಮನೆಯಲ್ಲಿ ಅವಳು ಮೂಗು ಮುಚ್ಚಿಕೊಂಡಳು. "ಏನ್ರೀ ಇದು ವಾಸನೆ?"

"ಶೌರ್ಯದ ವಾಸನೆ ಕಣೇ!"

"ನುಸಿ ಗುಳಿಗೆ ವಾಸನೆ. ಅಲ್ಲಾ, ಒಬ್ಬೊಬ್ರು ಒಂದೊಂದು ಮೂಟೆ ಆಗಿ ಮಲಗೋದಾ?"

"ಅಲ್ಲೇ ಇರೋದು ಗುಟ್ಟು! ಎರಡನ್ನೂ ಪಕ್ಕಪಕ್ಕ ಇಟ್ಟು ಜಿಪ್ಪು ಕೂಡಿಸಿದ್ರೆ ಒಂದೇ ಹಾಸಿಗೆ."

ಅವಳ ಮುಖ ಅರಳಿತು. "ಒಂದ್ಸಲ ಇಲ್ಲೇ ಕೂಡಿಸಿ ನೋಡ್ಬಾರ್ದಾ?"

"ಯುದ್ಧಕ್ಕೆ ಹೋಗೋನು ಅಡುಗೆಮನೇಲಿ ಕತ್ತಿ ಬೀಸಿ ನೋಡ್ತಾನೇನೇ?"

ಬೆಟ್ಟದ ಮೇಲೊಂದು ಹುಲ್ಲುಗಾವಲು. ಮುಂದೆ ಸಣ್ಣ ಕೊಳ. ಹೊತ್ತು ಮುಳುಗಿದ್ದೇ ತಡ, ಚಳಿಯು ಸಾಲ ವಸೂಲಿಗೆ ಬಂದವನಂತೆ ಕೊರಳಪಟ್ಟಿಗೇ ಕೈಹಾಕಿತು. ನಾನು ಚೀಲಗಳನ್ನು ಬಿಡಿಸಿ, ಭಗವಂತನನ್ನು ನೆನೆದು, ಜಿಪ್ಪು ಕೂಡಿಸಲು ತೊಡಗಿದೆ. ಅವಳ ಚೀಲದ ಎಡಗಡೆ ಜಿಪ್ಪು. ಅದಕ್ಕೆ ತಾಗಿದ ನನ್ನ ಚೀಲದ ಬಲಗಡೆ ಬರಿಯ ಬಟ್ಟೆ! ಚೀಲಗಳನ್ನು ಅದಲು ಬದಲು ಮಾಡಿದೆ. ಮತ್ತೆ ಅದೇ ಹಾಡು. ಅಯ್ಯೋ ವಿಧಿಯೇ! ತಮ್ಮ ಯೋಧರು ಜೋಡಿಜೋಡಿಯಾಗಿ ಪವಡಿಸಲೆಂಬ ಸದುದ್ದೇಶ ಯಾವ ಸೇನಾಧಿಪತಿಗೂ ಇದ್ದಂತಿರಲಿಲ್ಲ.

"ಬಲಗಡೆ ಜಿಪ್ಪಿಂದು ಅಂಗಡೀಲಿ ಇರ್ಲಿಲ್ವಾ?" ಎಂದಳು, ಹಲ್ಲು ಕಟಕಟಿಸುತ್ತ.

"ಇತ್ತು."

"ಮತ್ತೆ?"

"ತಪ್ಪು ಅಂತ ಬಿಟ್ಟುಬಂದೆ."

"ಎರಡೂ ಒಂದೇ ಕಡೆ ಮುಖ ಮಾಡ್ಕೊಂಡಿದ್ರೆ ಹೇಗ್ರೀ ಕೂಡುತ್ತೆ?"

ಪಂಡಿತನು ಸೋಲೊಪ್ಪುವನೇ? ಒಂದು ಚೀಲವನ್ನು ತಿರುಗಿಸಿ, ಅವಳ ಕಾಲಿನತ್ತ ನನ್ನ ತಲೆ ಬರುವಂತೆ ಹಾಸಿದೆ. ಮಲಗಿದೊಡನೆ ಅವಳ ಪಾದಗಳು ನನ್ನ ಮೂಗಿನ ಕುಶಲ ವಿಚಾರಿಸಿದವು. "ಇಷ್ಟು ದೂರ ಬಂದು ನಿಮ್ಮ ಹಿಮ್ಮಡಿ ನೋಡ್ಕೊಂಡು ಮಲಗ್ಲಾ?" ಎಂಬ ಗರ್ಜನೆ ಅತ್ತ ತುದಿಯಿಂದ ಬಂತು. ಎದ್ದೆವು. ಕೊನೆಯ ಅಸ್ತ್ರವಾಗಿ ನನ್ನ ಚೀಲವನ್ನೇ ಬೋರಲು ಹಾಕಿದೆ. ಜಿಪ್ಪು ಸರ್ರನೆ ಕೂಡಿತು! ಆದರೆ ತಲೆಯ ಹಿಂದಿರಬೇಕಾದ, ಚೀಲಕ್ಕೇ ಹೊಲಿದ ಟೊಪ್ಪಿಗೆ ಈಗ ನನ್ನ ಮೋರೆಯ ಮೇಲೆ, ಮಡಕೆಗೆ ಕವುಚಿದ ಮುಚ್ಚಳದಂತೆ ಕುಳಿತಿತು. ಮಡಚಲು ಹೋದರೆ ಮತ್ತೆ ಬಿದ್ದಿತು. ದಪ್ಪನೆಯ ಸೇನಾ ಟೊಪ್ಪಿಗೆ, ಆಜ್ಞೆ ಮೀರದು.

ಆದರೂ ಭುಜಕ್ಕೆ ಭುಜ ತಾಗಿತು. ಅವಳ ತಣ್ಣನೆಯ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು.

"ಅಬ್ಬಾ, ನೋಡ್ರೀ ನಕ್ಷತ್ರ!"

"ನನಗೆ ಬಟ್ಟೆ ಕಾಣ್ತಿದೆ ಕಣೇ."

ನಕ್ಕಳು. ಚೀಲವೆಲ್ಲ ಅಲುಗುವಂತೆ ನಕ್ಕಳು. "ಇರ್ಲಿ ಬಿಡಿ, ನಾನು ನೋಡಿ ಹೇಳ್ತೀನಿ, ನೀವು ಕೇಳಿ. ಅಲ್ಲೊಂದು ದೊಡ್ಡದು, ನೀಲಿ ಥರ... ಅದರ ಕೆಳಗೆ ಮೂರು ಸಾಲಾಗಿ... ಆಮೇಲೆ... ಆ ಕಡೆ..."

ಆ ಕಡೆ ಏನಿತ್ತೆಂಬುದು ನನಗೆ ಇಂದಿಗೂ ತಿಳಿಯದು. ಹಗಲೆಲ್ಲ ವಾರ್ಡುಗಳಲ್ಲಿ ಅಲೆಯುವ ಜೀವ. ತಲೆ ಆನಿಸಿದರೆ ಸಾಕು, ನಿದ್ದೆ. ನನಗೋ, ಅದೇ ತಾನೇ ಪತ್ರಿಕೆಯ ಮೊದಲ ಪುಟ ಮೇಜಿಗೆ ಬರುವ ಹೊತ್ತು, ಮೈಯೆಲ್ಲ ಕಣ್ಣು! ಹೇಳಬೇಕೆಂದು ವರ್ಷಗಟ್ಟಲೆ ಕೂಡಿಟ್ಟ ಮಾತುಗಳು ಗಂಟಲಿನಲ್ಲಿ ಸರದಿ ನಿಂತಿದ್ದವು. ಎಬ್ಬಿಸಲೇ ಎಂದುಕೊಂಡೆ, ಮನಸ್ಸಾಗಲಿಲ್ಲ. ಟೊಪ್ಪಿಗೆಯ ಕತ್ತಲೆಯಲ್ಲಿ ಅವಳ ಉಸಿರನ್ನು ಕರಡಿನಂತೆ ಒಂದೊಂದಾಗಿ ಓದುತ್ತ ಮಲಗಿದೆ. ತಿದ್ದಬೇಕಾದದ್ದು ಒಂದೂ ಇರಲಿಲ್ಲ. ಇಷ್ಟು ಕಾಲ ಈ ಉಸಿರು ಯಾರೂ ಕೇಳದೆ ಹೀಗೆಯೇ ಬಂದು ಹೋಗಿರಬೇಕಲ್ಲವೇ ಎನಿಸಿ ಎದೆ ಭಾರವಾಯಿತು. ಬೆಳಗಾಗಲಿ, ಇವಳು ಏಳಲಿ, ಎಲ್ಲವನ್ನೂ ಹೇಳುವೆನೆಂದು ನಿಶ್ಚಯಿಸಿದೆ.

ಮೂಡಣ ಬೆಳ್ಳಗಾಗುವಾಗ ನನ್ನ ದೇಹಕ್ಕೆ ಪಾಳಿ ಮುಗಿದ ಗಂಟೆ ಕೇಳಿಸಿತು. ಕೊರಡಿನಂತೆ ಬಿದ್ದೆ!

ಕಣ್ಣು ತೆರೆದಾಗ ಸೂರ್ಯ ನೆತ್ತಿಯ ಮೇಲಿದ್ದ. ಟೊಪ್ಪಿಗೆಯನ್ನು ಯಾರೋ ಪಕ್ಕಕ್ಕೆ ಮಡಚಿ, ಮೇಲೊಂದು ಕಲ್ಲು ಹೇರಿದ್ದರು. ಚೀಲದಲ್ಲಿ ನಾನೊಬ್ಬನೇ. ಮಡದಿ ಪಕ್ಕದಲ್ಲಿ ಫ್ಲಾಸ್ಕು ಹಿಡಿದು ಕುಳಿತಿದ್ದಳು.

"ಹುಲ್ಲಿನ ಮೇಲೆ ಹಿಮ ಬಿತ್ತೇನೇ?"

"ಬಿತ್ತು. ಕರಗಿಯೂ ಹೋಯ್ತು."

"ಎಬ್ಬಿಸೋದಲ್ವಾ?"

"ಎಬ್ಬಿಸ್ದೆ. ಕೊಳದ ಮೇಲೆ ಹೊಗೆ ಏಳ್ತಿದೆ ನೋಡಿ ಅಂದೆ, ಹ್ಞೂಂ ಅಂದ್ರಿ. ಹುಲ್ಲೆಲ್ಲ ಬೆಳ್ಳಗಾಗಿದೆ ಅಂದೆ, ಹ್ಞೂಂ ಅಂದ್ರಿ. ಹೋದ ತಕ್ಷಣ ಸಂಪಾದಕರ ಹತ್ರ ಹಗಲು ಪಾಳಿ ಕೇಳ್ತೀರಾ ಅಂದೆ."

ದಡಬಡಿಸಿ ಎದ್ದು ಕುಳಿತೆ. "ಅದಕ್ಕೆ?"

"ಅದಕ್ಕೂ ಹ್ಞೂಂ ಅಂದ್ರಿ. ಸ್ವಲ್ಪ ಜೋರಾಗೇ ಅಂದ್ರಿ."

"ನಿದ್ದೇಲಿ ಅಂದಿದ್ದಕ್ಕೆಲ್ಲ ಬೆಲೆ ಉಂಟೇನೇ? ಇಂಥ ದೊಡ್ಡ ಮಾತನ್ನ ಮನುಷ್ಯ ಎಚ್ಚರ ಇದ್ದಾಗ ಕೇಳ್ಬೇಕು!"

ಅವಳು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ನನ್ನ ಕೈಗಿತ್ತಳು. "ಎಚ್ಚರ ಇದ್ದಾಗ ನೀವು ನನಗೆ ಯಾವತ್ತು ಸಿಕ್ಕಿದ್ರಿ?"

"ಹ್ಞೂಂ," ಎಂದೆ. ಈ ಸಲ ಕಣ್ಣು ಬಿಟ್ಟುಕೊಂಡೇ ಎಂದೆ.