ಬೆರಳು ನೋವಿಗೆ ಮಲೇರಿಯಾ ಮಾತ್ರೆ

ಸಿಟ್ಟು ಬರಲು ಆ ಮನೆಯ ಯಜಮಾನರಿಗೆ ಕಾರಣವೇ ಬೇಕಿರಲಿಲ್ಲ. ಅಂದು ದುರದೃಷ್ಟಕ್ಕೆ ಕಾರಣವೂ ಸಿಕ್ಕಿಬಿಟ್ಟಿತು. ಹೆಂಡತಿಯ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಮಾತ್ರೆ ಡಬ್ಬಿ ಇತ್ತು. ಐದು ತಿಂಗಳಿಂದ ಆಕೆ ನುಂಗುತ್ತಿದ್ದ ಮಾತ್ರೆಯೇ. ಅಷ್ಟು ದಿನ ಔಷಧಿ ಅಂಗಡಿಯವನು ಬರೀ ಮಾತ್ರೆ ಪಟ್ಟಿ ಕತ್ತರಿಸಿ ಕೊಡುತ್ತಿದ್ದ. ಈ ಸಲ ಇಡೀ ಡಬ್ಬಿ ಬಂದಿತ್ತು, ಅದರೊಳಗೆ ಎಂಟು ಮಡಿಕೆಯ ಮಾಹಿತಿ ಹಾಳೆಯೂ ಇತ್ತು.

ಅಂಥ ಹಾಳೆಗಳೆಂದರೆ ಯಜಮಾನರ ಅನ್ನವೇ. ಅವುಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದರು. ಜೇಬಿನಲ್ಲಿ ಸದಾ ಕೆಂಪು ಪೆನ್ನು, ಮೂಗಿನ ತುದಿಯಲ್ಲಿ ಸದಾ ಕೋಪ. ಅಕ್ಷರ ಸಾಸಿವೆಗಿಂತ ಸಣ್ಣದಾದ್ದರಿಂದ ಅಲ್ಲೊಂದು ಪದ್ಧತಿಯಿತ್ತು: ಹಾಳೆಯ ಮುಂಬದಿ ಒಬ್ಬರಿಗೆ, ಹಿಂಬದಿ ಇನ್ನೊಬ್ಬರಿಗೆ. ಮುಂಬದಿ ಯಜಮಾನರದು. ಹಿಂಬದಿ ಕಿಟಕಿ ಪಕ್ಕದ ಬಡಕಲು ಸಹೋದ್ಯೋಗಿಯದು. (ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬ ಘನವಾದ ವಿಷಯದಲ್ಲಿ ಜಗಳವಾಗಿ ಅವರಿಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.) ಆ ಮನುಷ್ಯ ತಿದ್ದಿದ ಬದಿಯನ್ನು ಯಜಮಾನರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

"ಇದೇನೇ ಇದು?"

"ಮಾತ್ರೆ ರೀ. ಬೆರಳಿಗೆ."

"ಬೆರಳಿಗಾ! ಇದು ಮಲೇರಿಯಾ ಮಾತ್ರೆ ಕಣೇ! ಈ ಹಾಳೆ ತಿದ್ದಿದವನೇ ನಾನು. ನಿನ್ನ ಬೆರಳಿಗೇನು ಚಳಿಜ್ವರ ಬಂದಿದೆಯಾ?"

ಆಕೆಯ ಬೆರಳಿನ ಗಂಟುಗಳು ಊದಿಕೊಂಡು ವರ್ಷವೇ ಆಗಿತ್ತು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಅಂಗಿಗಳಿಗೆ ಗುಂಡಿ, ಕಾಜಾ ಹೊಲಿಯುವುದೇ ಕಸುಬಾದವಳಿಗೆ ಬೆರಳು ಹೋದರೆ ಉಳಿಯುವುದೇನು? ಈ ಮಾತ್ರೆ ಶುರುವಾದ ಮೇಲೆ ನಿಧಾನವಾಗಿ ಸೂಜಿ ಮತ್ತೆ ಕೈಗೆ ಬಂದಿತ್ತು.

"ವಾಸಿಯಾಗ್ತಿದೆಯಲ್ಲ ರೀ..."

"ಕೇಳಿಲ್ಲಿ!" ಯಜಮಾನರು ಹಾಳೆಯನ್ನು ಮಡಿಕೆ ಮಡಿಕೆಯಾಗಿ ಬಿಡಿಸಿ, ದಿನಪತ್ರಿಕೆಯಂತೆ ಮುಖದ ಮುಂದೆ ಹಿಡಿದು ಗರ್ಜಿಸತೊಡಗಿದರು. "ಮಲೇರಿಯಾ ತಡೆಗೆ, ಮಲೇರಿಯಾ ಚಿಕಿತ್ಸೆಗೆ! ವಾಕರಿಕೆ ಬರಬಹುದು! ಎದೆಬಡಿತ ಏರುಪೇರಾಗಬಹುದು! ಕಣ್ಣಿನ ಒಳಪರದೆಗೆ ಹಾನಿಯಾಗಬಹುದು! ಬೆರಳು ಉಳಿಸ್ತೀನಿ ಅಂತ ಆ ಡಾಕ್ಟ್ರು ನಿನ್ನ ಕಣ್ಣು ಕೀಳ್ತಿದ್ದಾರೆ!"

ಇಪ್ಪತ್ತು ನಿಮಿಷ ಪಾರಾಯಣ ನಡೆಯಿತು. ಎದುರಿಗೆ ಕೂತ ಹೆಂಡತಿ ಒಂದು ಮಾತೂ ಆಡದೆ ಹಾಳೆಯನ್ನೇ ನೋಡುತ್ತಿದ್ದಳು. ಅದನ್ನು ಯಜಮಾನರು ತಮ್ಮ ವಾಗ್ವೈಭವಕ್ಕೆ ಸಿಕ್ಕ ಜಯವೆಂದೇ ತಿಳಿದರು. ಮರುದಿನ ಡಬ್ಬಿ, ಹಾಳೆ, ಡಾಕ್ಟರ ಚೀಟಿ ಎಲ್ಲವೂ ಪ್ರೆಸ್ಸಿನಲ್ಲಿ ಅವರ ಮೇಜಿನ ಡ್ರಾಯರು ಸೇರಿ, ಬೀಗ ಬಿತ್ತು.

ವಾರ ಕಳೆಯಿತು. ಹೆಂಡತಿ ಮತ್ತೆ ಬೆರಳು ಮಡಚುವುದನ್ನೇ ಬಿಟ್ಟಳು.

"ರೀ, ಪಾತ್ರೆ ಹಿಡಿಯಕ್ಕಾಗ್ತಿಲ್ಲ."

ಯಜಮಾನರು ಪಾತ್ರೆ ತೊಳೆದರು. ಆಮೇಲೆ ಬಟ್ಟೆ ಹಿಂಡಿದರು. ಆಮೇಲೆ ಅಡುಗೆಯೂ ಅವರದೇ ಆಯಿತು. ಒಲೆಯ ಮೇಲೆ ಸಿಟ್ಟು, ಈರುಳ್ಳಿಯ ಮೇಲೆ ಸಿಟ್ಟು, ಉಪ್ಪಿನ ಡಬ್ಬಿಯ ಮೇಲಂತೂ ಕೆಂಡಾಮಂಡಲ. "ಹೊಲಿಗೆ ಕೆಲಸ ಏನಾಯ್ತೇ?" ಎಂದರೆ, "ಪಕ್ಕದ ಮನೆಯವಳು ಹೊಲ್ಕೊಡ್ತಿದ್ದಾಳೆ, ಪಾಪ" ಎಂಬ ಉತ್ತರ ಬಂತು.

ಒಂದೂವರೆ ತಿಂಗಳಾದ ಮೇಲೆ, ಒಂದು ಬೆಳಗ್ಗೆ ಆಕೆ ಚಹಾ ಲೋಟವನ್ನೂ ಎತ್ತಲಿಲ್ಲ. ಯಜಮಾನರೇ ಹಿಡಿದು ಕುಡಿಸಿದರು. ಈ ಕೈ ಇನ್ನು ಸೂಜಿ ಹಿಡಿಯುವುದೇ ಇಲ್ಲವೇನೋ ಎಂದು ನಿಜವಾಗಿಯೂ ಭಯವಾಯಿತು. ಅವರಲ್ಲಿ ಭಯ ಹೆಚ್ಚು ಹೊತ್ತು ಭಯವಾಗಿ ಉಳಿಯುವುದಿಲ್ಲ. ಪ್ರೆಸ್ಸಿಗೆ ಹೋಗಿ ಡ್ರಾಯರು ಬರಿದು ಮಾಡಿಕೊಂಡು, ಹಲ್ಲು ಕಡಿಯುತ್ತಾ ಡಾಕ್ಟರ ಕೋಣೆಗೆ ನುಗ್ಗಿದರು.

"ಗಂಟು ನೋವಿಗೆ ಮಲೇರಿಯಾ ಮಾತ್ರೆ ಕೊಡ್ತೀರಲ್ಲ, ನಿಮಗೇನಾದ್ರೂ ಜವಾಬ್ದಾರಿ ಇದೆಯೇನ್ರೀ?" ಎಂದು ಚೀಟಿಯನ್ನೂ ಹಾಳೆಯನ್ನೂ ಮೇಜಿಗೆ ಬಡಿದರು.

ಡಾಕ್ಟರಮ್ಮ ಕನ್ನಡಕ ಸರಿಪಡಿಸಿಕೊಂಡರು. "ತಿರುಗಿಸಿ."

"ಏನನ್ನ?"

"ಹಾಳೆಯನ್ನ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಯಜಮಾನರು ಹಿಂಬದಿ ಓದಿದರು. ಇದೇ ಮಾತ್ರೆಯನ್ನು ಗಂಟುಗಳ ಉರಿಯೂತಕ್ಕೂ ಕೊಡುತ್ತಾರೆ. ಗುಣ ಕಾಣಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಪ್ರಮಾಣವನ್ನು ದೇಹದ ತೂಕ ನೋಡಿ ಗೊತ್ತುಮಾಡುತ್ತಾರೆ. ವೈದ್ಯರು ಹೇಳಿದಾಗ ಕಣ್ಣಿನ ಪರೀಕ್ಷೆ ತಪ್ಪಿಸಬಾರದು. ಅವರನ್ನು ಕೇಳದೆ ಮಾತ್ರೆ ನಿಲ್ಲಿಸಲೂ ಬಾರದು. ಒಂದಾದರೂ ಅಚ್ಚಿನ ತಪ್ಪು ಸಿಕ್ಕೀತೇ ಎಂದು ಎರಡೆರಡು ಸಲ ಹುಡುಕಿದರು. ಆ ಬಡಕಲು ಮನುಷ್ಯ ಒಂದು ಅಲ್ಪವಿರಾಮವನ್ನೂ ಬಿಟ್ಟಿರಲಿಲ್ಲ!

"ನಾನೇ ನಿಲ್ಲಿಸಿಬಿಟ್ಟೆ ಡಾಕ್ಟ್ರೇ," ಎಂದರು ಇಳಿದ ದನಿಯಲ್ಲಿ. "ಒಂದೂವರೆ ತಿಂಗಳಾಯ್ತು. ಅವಳ ಬೆರಳು ಉಳಿಯುತ್ತಾ?"

ಡಾಕ್ಟರಮ್ಮ ಕಡತ ತೆರೆದು ನೋಡಿ, ತುಟಿ ಬಿಗಿಹಿಡಿದರು. "ಮನೆಗೆ ಹೋಗಿ ಅವರನ್ನೇ ಕೇಳಿ."

ಎಂದೂ ಮನೆಗೆ ಬಾರದ ಮಧ್ಯಾಹ್ನದ ಹೊತ್ತಿಗೆ ಯಜಮಾನರು ಓಡೋಡಿ ಬಂದರು. ಬೀದಿಗೇ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಒಳಗೆ ಹೆಂಡತಿ ಹಲ್ಲಿನಲ್ಲಿ ನೂಲು ಕಡಿದು, ಸೂಜಿಗೆ ಒಂದೇ ಸಲಕ್ಕೆ ಪೋಣಿಸುತ್ತಿದ್ದಳು.

"ಏನೇ ಇದು! ಬೆರಳು?"

"ಚೆನ್ನಾಗಿವೆ." ಆಕೆ ಗುಂಡಿಗಳ ಡಬ್ಬಿಯಿಂದ ಅದೇ ಮಾತ್ರೆಯ ಪಟ್ಟಿ ತೆಗೆದು ತೋರಿಸಿದಳು. "ನೀವು ಬೀಗ ಹಾಕಿದ ದಿನವೇ ಹೋಗಿ ಬೇರೆ ಚೀಟಿ ಬರೆಸ್ಕೊಂಡು ಬಂದೆ. ಒಂದು ದಿನವೂ ತಪ್ಪಿಸಿಲ್ಲ. ಕಣ್ಣೂ ತೋರಿಸ್ಕೊಂಡೆ, ಏನೂ ತೊಂದರೆ ಇಲ್ಲ ಅಂದ್ರು."

"ನಿಲ್ಲಿಸಬಾರದು ಅಂತ ನಿನಗೆ ಹೇಳಿದವರ‍್ಯಾರು?"

"ನೀವೇ. ಅವತ್ತು ಹಾಳೆ ಮುಖಕ್ಕೆ ಹಿಡ್ಕೊಂಡು ಕೂಗಾಡ್ತಿದ್ರಲ್ಲ, ನಿಮ್ಮ ಕಡೆ ಮುಂಬದಿ ಇತ್ತು. ನನ್ನ ಕಡೆ ಯಾವುದಿತ್ತು? ಇಪ್ಪತ್ತು ನಿಮಿಷ ಹಿಡಿದಿದ್ರಿ, ಪೂರ್ತಿ ಓದಿ ಮುಗಿಸ್ದೆ."

ಯಜಮಾನರ ಪಿತ್ತ ನೆತ್ತಿಗೇರಿತು. "ಮತ್ತೆ ನನ್ನ ಕೈಲಿ ಒಂದೂವರೆ ತಿಂಗಳು ಪಾತ್ರೆ ತೊಳೆಸಿದ್ಯಲ್ಲೇ! ಚಹಾ ಕುಡಿಸಿಕೊಂಡ್ಯಲ್ಲೇ!"

"ನನ್ನ ಬೆರಳು ರೀ! ನನ್ನ ಮಾತ್ರೆ! ನನ್ನನ್ನ ಒಂದು ಮಾತು ಕೇಳದೆ ಬೀಗ ಹಾಕಿದ್ರಲ್ಲ, ಸಿಟ್ಟು ನಿಮಗೊಬ್ಬರಿಗೇ ಬರೋದಾ?" ಇಷ್ಟು ವರ್ಷದಲ್ಲಿ ಆಕೆ ಅವರ ಮೇಲೆ ಹಾಗೆ ಕೂಗಿದ್ದಿಲ್ಲ. ಯಜಮಾನರು ಕುರ್ಚಿ ಹುಡುಕಿ ಕೂತರು.

ಆಕೆ ಉಸಿರೆಳೆದುಕೊಂಡು ಮತ್ತೆ ಸೂಜಿ ಹಿಡಿದಳು. "ಇನ್ನೊಂದು ವಿಷಯ. ರಾತ್ರಿಯ ಮಾತ್ರೆ ಊಟದ ಜೊತೆ ತಗೋಬೇಕು."

"ಹಾಗಂತ ಎಲ್ಲಿದೆ? ತಪ್ಪು ಹುಡುಕೋ ಭರದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ!"

"ಹಿಂಬದಿ, ಕೊನೇ ಸಾಲು."

ಯಜಮಾನರು ಕೈಯಲ್ಲಿದ್ದ ಹಾಳೆ ತಿರುಗಿಸಿ ನೋಡಿದರು. ಇತ್ತು. ಕೆಂಪು ಪೆನ್ನನ್ನು ಜೇಬಿನಿಂದ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟು, ಅಂಗಿಯ ತೋಳು ಮಡಚಿಕೊಂಡು, ಅಡುಗೆಮನೆಗೆ ಹೋದರು.