ಚಿಕ್ಕಪ್ಪನ ಅಂಪೈರಿಕೆಯೂ ಹಿತ್ತಾಳೆ ಪಾವೂ

ತಡೆಯಿರಿ, ತಡೆಯಿರಿ, ಎದ್ದು ಹೋಗಬೇಡಿ! ಇದೊಂದನ್ನು ಕೇಳಿಕೊಂಡು ಆಮೇಲೆ ಹೋಗಿ. ಇಡೀ ಅಮೆರಿಕದ ಬೇಸ್‌ಬಾಲ್ ಅಂಪೈರುಗಳಲ್ಲಿ ನನ್ನ ಚಿಕ್ಕಪ್ಪ ಕೆಲಸದಿಂದ ಕಿತ್ತು ಹಾಕದವರು ಒಬ್ಬರೂ ಉಳಿದಿಲ್ಲ. ಕೆಲವರನ್ನಂತೂ ಎರಡೆರಡು ಸಲ ಕಿತ್ತು ಹಾಕಿದ್ದಾರೆ. ಪಾಪ, ಸುದ್ದಿ ಅವರಿಗೆ ಮುಟ್ಟದ ಕಾರಣ ಮಾರನೇ ದಿನ ಮತ್ತೆ ಕೆಲಸಕ್ಕೆ ಬಂದುಬಿಡುತ್ತಾರೆ. ಏಕೆಂದರೆ ಈ ಆದೇಶಗಳೆಲ್ಲ ಹೊರಡುವುದು ಷಿಕಾಗೋ ಪಕ್ಕದ ಲಿಸ್ಲ್ ಎಂಬ ಊರಿನ ಒಂದು ಕಂದು ಸೋಫಾದಿಂದ!

ಆ ಸೋಫಾದ ಬಲತುದಿಯಲ್ಲಿ ನನ್ನ ಜಾಗ. ನಾನು ಬೆಳೆದದ್ದು ಡೆಟ್ರಾಯಿಟ್ ಕಡೆ, ಅಪ್ಪ ಅಮ್ಮ ಈಗಲೂ ಅಲ್ಲೇ ಇದ್ದಾರೆ. ಲಿಸ್ಲ್‌ನಲ್ಲಿ ಕೆಲಸ ಸಿಕ್ಕಿದ ಮೇಲೆ ಚಿಕ್ಕಪ್ಪನ ಮನೆಯ ಬೇಸ್‌ಮೆಂಟಿಗೆ ಬಂದೆ. ಬಾಡಿಗೆ ಕೊಡುವ ಹಾಗಿಲ್ಲ, ಪಕ್ಕದಲ್ಲಿ ಕೂತು ಮ್ಯಾಚು ನೋಡಬೇಕು ಅಷ್ಟೆ. ಬೇಸ್‌ಬಾಲ್ ನಿಯಮಗಳನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಚಿಕ್ಕಪ್ಪ ಅಂಪೈರಿಗೆ ಬೈಯುವುದನ್ನು ಕೇಳುವುದು, ಅದಕ್ಕೆ ಉಲ್ಟಾ ಏನಿರಬಹುದೆಂದು ಊಹಿಸುವುದು, ಹೀಗೆ ನಾನೇ ಕಲಿತೆ. ಇದುವರೆಗೆ ಒಂದೂ ತಪ್ಪಾಗಿಲ್ಲ!

ನಿಮಗೆ ಆಟ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಬ್ಯಾಟು ಹಿಡಿದು ನಿಂತವರ ಮಂಡಿಯಿಂದ ಎದೆಯವರೆಗೆ ಗಾಳಿಯಲ್ಲಿ ಒಂದು ಕಿಟಕಿ ಇದೆ ಎಂದುಕೊಳ್ಳಿ. ಚೆಂಡು ಆ ಕಿಟಕಿಯೊಳಗೆ ಬಂದರೆ ಸ್ಟ್ರೈಕು, ಹೊರಗೆ ಹೋದರೆ ಬಾಲು. ಮೂರು ಸ್ಟ್ರೈಕಾದರೆ ಔಟು, ನಾಲ್ಕು ಬಾಲಾದರೆ ಪುಕ್ಕಟೆಯಾಗಿ ಮೊದಲ ಬೇಸ್ ಎಂಬ ನಿಲ್ದಾಣಕ್ಕೆ ನಡೆದು ಹೋಗಬಹುದು. ನಾಲ್ಕು ನಿಲ್ದಾಣವನ್ನೂ ಸುತ್ತಿ ಬಂದರೆ ಒಂದು ರನ್. ಕಿಟಕಿ ಯಾರ ಕಣ್ಣಿಗೂ ಕಾಣುವುದಿಲ್ಲ. ಅಂಪೈರಿಗೆ ಮಾತ್ರ ಕಾಣಬೇಕು. ಮತ್ತು ಲಿಸ್ಲ್‌ನ ನನ್ನ ಚಿಕ್ಕಪ್ಪನಿಗೆ!

ಟಿವಿಯವರು ಪರದೆಯ ಮೇಲೆ ಒಂದು ಚೌಕ ತೋರಿಸುತ್ತಾರೇನೋ ನಿಜ. ಚಿಕ್ಕಪ್ಪನಿಗೆ ಅದರ ಮೇಲೆ ನಂಬಿಕೆ ಇಲ್ಲ. ಆದ್ದರಿಂದ ಎಲೆಕ್ಟ್ರಿಕ್ ಕೆಲಸದ ಕಪ್ಪು ಟೇಪು ತಂದು ಟಿವಿಯ ಗಾಜಿನ ಮೇಲೆ ತಮ್ಮದೇ ಒಂದು ಚೌಕ ಅಂಟಿಸಿಬಿಟ್ಟರು. ಮ್ಯಾಚು ಮುಗಿದ ಮೇಲೂ ಟೇಪು ಅಲ್ಲೇ. ಚಿಕ್ಕಮ್ಮ ಧಾರಾವಾಹಿ ಹಾಕಿದರೆ ಅಳುತ್ತಿರುವ ಸೊಸೆ ಚೌಕದ ಒಳಗೆ, ಅಳಿಸುತ್ತಿರುವ ಅತ್ತೆ ಹೊರಗೆ.

"ರೀ, ಆ ಟೇಪು ಕೀಳ್ತೀರೋ ಇಲ್ವೋ?"

"ನೋಡೇ ಇಲ್ಲಿ, ನಿಮ್ಮತ್ತೆ ಮೂಗು ಸ್ಟ್ರೈಕು, ಕಿವಿ ಬಾಲು!"

"ನಮ್ಮತ್ತೆ ಅಂದ್ರೆ ನಿಮ್ಮಮ್ಮ. ನೆನಪಿರ್ಲಿ."

ಆ ಇನ್ನಿಂಗ್ಸ್ ಅಲ್ಲಿಗೆ ಮುಗಿಯಿತು.

ಈಗೀಗ ದೊಡ್ಡ ಲೀಗಿನಲ್ಲಿ ಇನ್ನೊಂದು ಸೌಕರ್ಯ ಬಂದಿದೆ. ಅಂಪೈರು ಹೇಳಿದ್ದು ಆಟಗಾರನಿಗೆ ಒಪ್ಪಿಗೆ ಇಲ್ಲದಿದ್ದರೆ ಅವನು ತಲೆಯ ಮೇಲೆ ಕೈಯಿಟ್ಟು ತಟ್ಟಿಕೊಂಡರೆ ಸಾಕು, ಯಂತ್ರ ನೋಡಿ ತೀರ್ಪು ಹೇಳುತ್ತದೆ. ಇದು ಬಂದ ದಿನ ಚಿಕ್ಕಪ್ಪ ಮೈಸೂರು ಪಾಕು ಹಂಚಿದರು. ಮಾರನೇ ದಿನದಿಂದ ಅದು ನಮ್ಮ ಅಡುಗೆಮನೆಗೂ ಜಾರಿಯಾಯಿತು!

"ಸಾರಿಗೆ ಉಪ್ಪು ಸರಿಯಾಗಿದೆ," ಎನ್ನುತ್ತಾರೆ ಚಿಕ್ಕಮ್ಮ.

ಚಿಕ್ಕಪ್ಪ ಗಂಭೀರವಾಗಿ ತಲೆ ತಟ್ಟಿಕೊಳ್ಳುತ್ತಾರೆ. ಯಂತ್ರದ ಜಾಗದಲ್ಲಿ ನಾನು. ಒಂದು ಸೌಟು ಸಾರು ಕುಡಿದು ತೀರ್ಪು ಕೊಡಬೇಕು. ಊಟ ಹಾಕುವವರು ಯಾರು, ನಾನು ಯಾರ ಕಡೆ ತೀರ್ಪು ಕೊಟ್ಟೆ ಎಂದು ಬಿಡಿಸಿ ಹೇಳಬೇಕೇ?

ಇನ್ನು ಡಿಸೆಂಬರ್ ಬಂತೆಂದರೆ ಅಂಪೈರುಗಳಿಗೆ ಬಿಡುವು, ಪ್ರಶಸ್ತಿ ಸಮಿತಿಗಳಿಗೆ ಗ್ರಹಚಾರ. ಚೆಂಡನ್ನು ಕೈಯಲ್ಲೇ ಹಿಡಿದಾಡುವ ಇಲ್ಲಿನ ಕಾಲೇಜು ಫುಟ್‌ಬಾಲಿನಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಒಂದು ದೊಡ್ಡ ಪ್ರಶಸ್ತಿ ಕೊಡುತ್ತಾರೆ. ಹೆಚ್ಚು ಸಲ ಅದು ಹೋಗುವುದು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕಿಗೆ. ಅವನ ಮುಂದೆ ಗೋಡೆಯ ಹಾಗೆ ನಿಂತು, ಅವನ ಮೇಲೆ ಬೀಳಬೇಕಾದ ಏಟನ್ನೆಲ್ಲ ತಾವು ತಿನ್ನುವ ದಢೂತಿ ಹುಡುಗರಿದ್ದಾರಲ್ಲ, ಲೈನ್‌ಮನ್‌ಗಳು (ಕರೆಂಟು ಕಂಬ ಹತ್ತುವವರಲ್ಲ!), ಅವರನ್ನು ಆ ಪ್ರಶಸ್ತಿಗೆ ಕೇಳುವವರೇ ಇಲ್ಲ. ಇದರ ಬಗ್ಗೆ ಚಿಕ್ಕಪ್ಪ ಡೆಟ್ರಾಯಿಟಿನಲ್ಲಿರುವ ನನ್ನ ಅಪ್ಪನ ಜೊತೆ ಫೋನಿನಲ್ಲಿ ಪ್ರತಿ ವರ್ಷ ಜಗಳವಾಡುತ್ತಾರೆ.

"ಲೋ, ಚೆಂಡು ಎಸೆಯೋದು ಅವನೇ ಅಲ್ವೇನೋ?" ಎಂದರು ಅಪ್ಪ ಒಮ್ಮೆ.

"ಎಸೀತಾನೆ ಅಣ್ಣ, ಯಾರಿಲ್ಲ ಅಂದ್ರು? ಅವನ ಅಂಗಿ ಕೊಳೆಯಾಗದ ಹಾಗೆ ನೋಡ್ಕೊಂಡಿದ್ದು ಯಾರು? ಏಟು ಇವರಿಗೆ, ಟ್ರೋಫಿ ಅವನಿಗೆ! ನಿನ್ನ ಮದುವೇಲಿ ಎರಡು ದಿನ ಛತ್ರದ ಬಾಗಿಲಲ್ಲಿ ನಿಂತು ಬಂದೋರ ಚಪ್ಪಲಿ ಕಾದೋನು ನಾನು. ಆಲ್ಬಮ್ಮಲ್ಲಿ ಎಲ್ಲಾದ್ರೂ ಇದೀನಾ?"

ಡೆಟ್ರಾಯಿಟ್ ಕಡೆಯಿಂದ ಆಲ್ಬಮ್ಮಿನ ಹಾಳೆ ತಿರುವುವ ಸದ್ದು ಕೇಳಿತು. ಆಮೇಲೆ ಅಪ್ಪ ಮೆಲ್ಲಗೆ, "ಒಂದರಲ್ಲಿ ನಿನ್ನ ಮೊಣಕೈ ಇದೆ ಕಣೋ," ಎಂದರು.

ಹೀಗೆ ಹುಟ್ಟಿದ್ದು ನಮ್ಮ ಮನೆಯ ಪ್ರಶಸ್ತಿ. ವರ್ಷಕ್ಕೊಬ್ಬ ಲೈನ್‌ಮನ್‌ಗೆ ಮಾತ್ರ. ಚಿಕ್ಕಪ್ಪ ಅಧ್ಯಕ್ಷರು, ಅಪ್ಪ ಫೋನಿನಲ್ಲಿ, ನಾನು ಸದಸ್ಯೆ. ಟ್ರೋಫಿ ಎಂದರೆ ಅಜ್ಜಿಯ ಕಾಲದ ಹಿತ್ತಾಳೆ ಪಾವು. ವರ್ಷವೆಲ್ಲ ಚಿಕ್ಕಮ್ಮ ಅದರಲ್ಲಿ ಅಕ್ಕಿ ಅಳೆಯುತ್ತಾರೆ, ಪ್ರಶಸ್ತಿಯ ದಿನ ಹುಣಿಸೆಹಣ್ಣು ಹಾಕಿ ಉಜ್ಜಿ ಮೇಜಿನ ಮೇಲಿಡುತ್ತಾರೆ. ಗೆದ್ದವನ ಹೆಸರು ಕೂಗುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಎಲ್ಲಿಯೋ ಇರುವ ಆ ಹುಡುಗ ತೆಗೆದುಕೊಂಡು ಹೋಗಲು ಬರುವುದಿಲ್ಲ. ರಾತ್ರಿ ಪಾವು ಮತ್ತೆ ಅಕ್ಕಿ ಡಬ್ಬಕ್ಕೆ!

ಇಷ್ಟು ಹೊತ್ತು ನಕ್ಕಿರಿ. ಈಗ ಚಿಕ್ಕಪ್ಪನ ಕಷ್ಟ ಕೇಳಿ.

ಅವರ ಮಗಳು ಅದಿತಿಗೆ ಹನ್ನೆರಡು ವರ್ಷ. ಊರಿನ ಮಕ್ಕಳ ಬೇಸ್‌ಬಾಲ್ ಲೀಗಿನಲ್ಲಿ ಆಡುತ್ತಾಳೆ. ಅಲ್ಲಿ ಅಂಪೈರು ಒಬ್ಬ ನಿವೃತ್ತ ಬಸ್ ಡ್ರೈವರ್, ಸಾಧು ಮನುಷ್ಯ. ಬೇಲಿಯ ಪಕ್ಕ ಹಸಿರು ಮಡಚುಕುರ್ಚಿ ಹಾಕಿ ಕೂತ ಚಿಕ್ಕಪ್ಪ ಕನ್ನಡದಲ್ಲಿ, "ಏನಯ್ಯಾ, ಕಣ್ಣು ಮನೇಲಿ ಬಿಟ್ಟು ಬಂದಿದೀಯಾ? ಅನುಮಾನ ಇದ್ರೆ ಬ್ಯಾಟಿಂಗ್ ಮಾಡೋರಿಗೆ ಬಿಡಬೇಕು ಕಣಯ್ಯಾ!" ಎಂದು ಅರಚಿದರು. ಕನ್ನಡ ಅವರಿಗೆಲ್ಲಿ ಅರ್ಥವಾಗುತ್ತದೆ ಎಂಬ ಧೈರ್ಯ. ಆದರೆ ಆ ಗಂಟಲಿಗೆ ಅನುವಾದ ಬೇಕೇ? ಇಡೀ ಮೈದಾನ ತಿರುಗಿ ನೋಡಿತು. ಅದಿತಿ ಹೆಲ್ಮೆಟ್ಟನ್ನು ಮೂಗಿನವರೆಗೆ ಎಳೆದುಕೊಂಡಳು.

ಮನೆಗೆ ಬಂದ ಮೇಲೆ ಅವಳು, "ಅಪ್ಪಾ, ಐ ಲವ್ ಯು. ಬಟ್ ಪ್ಲೀಸ್, ಇನ್ಮೇಲೆ ಬರ್ಬೇಡಿ," ಎಂದಳು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ಬೇಡ ಎಂದಳೆಂದರೆ ಮೇಲ್ಮನವಿ ಇಲ್ಲ.

ಅಂದಿನಿಂದ ಚಿಕ್ಕಪ್ಪ ಪಾರ್ಕಿಂಗ್ ಲಾಟಿನಲ್ಲಿ, ಕಾರಿನೊಳಗೆ, ಕಿಟಕಿ ಏರಿಸಿ, ಬೈನಾಕ್ಯುಲರ್ ಹಿಡಿದು ಕೂರತೊಡಗಿದರು. ಹೊರಗಿನಿಂದ ನೋಡಿದರೆ ಬಾಯಿ ಮಾತ್ರ ಆಡುತ್ತಿರುತ್ತದೆ. "ಅಕ್ವೇರಿಯಂ ಮೀನು ನೋಡ್ದ ಹಾಗಿದೆ," ಎಂದು ಚಿಕ್ಕಮ್ಮ ನಗುತ್ತಿದ್ದರು. ಆದರೆ ಪ್ರತಿ ಆಟಕ್ಕೂ ಆ ಹಸಿರು ಕುರ್ಚಿ ಡಿಕ್ಕಿಯಲ್ಲಿ ಬರುತ್ತಿತ್ತು, ಬಿಚ್ಚದೆ ವಾಪಸಾಗುತ್ತಿತ್ತು. "ಯಾಕೆ ಚಿಕ್ಕಪ್ಪ ಇದನ್ನ ಹೊತ್ಕೊಂಡು ಬರ್ತೀರಾ?" ಎಂದು ಕೇಳಿದೆ. "ಕರೆದ್ರೆ ಇರ್ಲಿ ಅಂತ," ಎಂದರು. ನನಗೆ ನಗು ಬರಲಿಲ್ಲ.

ಋತುವಿನ ಕೊನೆಯ ಆಟದ ದಿನ ಅಂಪೈರು ಬರಲಿಲ್ಲ. ಹೈವೇಯಲ್ಲಿ ಟೈರು ಪಂಕ್ಚರಾಗಿದೆಯೆಂದು ಫೋನು ಬಂತು. ಆಟ ರದ್ದಾಗುವ ಹಾಗಾಯಿತು. ಎರಡು ಕಡೆಯ ಕೋಚುಗಳೂ ಏನೋ ಮಾತಾಡಿಕೊಂಡು, ಸೀದಾ ನಮ್ಮ ಕಾರಿನ ಹತ್ತಿರ ಹೋಗಿ ಕಿಟಕಿ ತಟ್ಟಿದರು. ಇಷ್ಟು ಅರಚುವ ಮನುಷ್ಯನಿಗೆ ನಿಯಮವಂತೂ ಗೊತ್ತಿರಲೇಬೇಕಲ್ಲ! ಚಿಕ್ಕಪ್ಪ ಕಾರಿನಿಂದ ಇಳಿದವರು ಮೊದಲು ನೋಡಿದ್ದು ಮಗಳ ಕಡೆ. ಅವಳು ಆಕಾಶ ನೋಡಿದಳು, ನೆಲ ನೋಡಿದಳು, ಕೊನೆಗೆ, "ಓಕೆ. ಬಟ್ ನೋ ಕನ್ನಡ," ಎಂದಳು.

ಈಗ ಒಂದು ಹಿಂದಿನ ಸಂಗತಿ ಹೇಳಬೇಕು. ಚಿಕ್ಕಪ್ಪ ಮೈಸೂರಿನಲ್ಲಿ ಓದುವಾಗ ಕಾಲೇಜು ಮೈದಾನದಲ್ಲಿ ಅಂಪೈರಾಗಿದ್ದವರು. ಕ್ರಿಕೆಟ್ಟಿಗೆ! ಮುಖಕ್ಕೆ ಜಾಲರಿ ಕಟ್ಟಿಕೊಂಡು ನಿಂತ ಕೂಡಲೇ ಬಾಯಿ ಅಮೆರಿಕದಲ್ಲಿ ಉಳಿಯಿತು, ಕೈಗಳು ಮಾತ್ರ ಮೈಸೂರಿಗೆ ಹೋಗಿಬಿಟ್ಟವು.

ಮೊದಲ ಚೆಂಡು ಬಹಳ ಹೊರಗೆ ಹೋಯಿತು. ಚಿಕ್ಕಪ್ಪ ಎರಡೂ ತೋಳು ಅಗಲಿಸಿ ನಿಂತರು. ಕ್ರಿಕೆಟ್ಟಿನಲ್ಲಿ ಅದು ವೈಡು. ಬೇಸ್‌ಬಾಲಿನಲ್ಲಿ ಅದೇ ಕೈಸನ್ನೆಗೆ ಓಡುವವನು ಸೇಫ್, ಔಟಾಗಿಲ್ಲ, ಎಂದು ಅರ್ಥ! ಓಡುವವರು ಯಾರೂ ಇರಲೇ ಇಲ್ಲ. ಎದುರು ತಂಡದ ಕೋಚು ಓಡಿಬಂದು, "ಯಾರು ಸೇಫ್?" ಎಂದು ಕೇಳಿದ. "ಎಲ್ಲರೂ," ಎಂದುಬಿಟ್ಟರು ಚಿಕ್ಕಪ್ಪ ಗಾಬರಿಯಲ್ಲಿ.

ಆಮೇಲೆ ಒಬ್ಬ ಹುಡುಗ ಮೂರು ಸ್ಟ್ರೈಕಾಗಿ ಔಟಾದ. ಚಿಕ್ಕಪ್ಪ ತೋರುಬೆರಳನ್ನು ನಿಧಾನವಾಗಿ ಮೇಲಕ್ಕೆತ್ತಿದರು. ಹುಡುಗ ತಲೆಯೆತ್ತಿ ಆಕಾಶ ನೋಡಿದ. ಅವನ ತಂಡ ನೋಡಿತು, ಬೇಲಿಯಾಚೆ ಅಪ್ಪ ಅಮ್ಮಂದಿರೂ ನೋಡಿದರು. ಒಬ್ಬಾಕೆ, "ವಿಮಾನವಾ?" ಎಂದು ನನ್ನನ್ನೇ ಕೇಳಿದಳು. ಹೌದೆಂದೆ. ಇನ್ನೇನು ಹೇಳಲಿ?

ಆರು ಚೆಂಡಾದ ಮೇಲೆ, ಓವರು ಮುಗಿಯಿತೆಂದು, ಅಭ್ಯಾಸಬಲದಿಂದ ಸ್ಕ್ವೇರ್ ಲೆಗ್ ಕಡೆ ಹೊರಟೇಬಿಟ್ಟಿದ್ದರು. ಕ್ಯಾಚರ್ ಹುಡುಗಿ ಅಂಗಿ ಹಿಡಿದು ವಾಪಸು ನಿಲ್ಲಿಸಿದಳು. ಚಿಕ್ಕಮ್ಮ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಕಣ್ಣೀರು ಬರುವ ಹಾಗೆ ನಗುತ್ತಿದ್ದರು.

ಆದರೆ ಕೊನೆಯ ಇನ್ನಿಂಗ್ಸ್ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಅದಿತಿಯ ತಂಡ ಒಂದು ರನ್ ಹಿಂದಿತ್ತು. ಎರಡು ಔಟಾಗಿದೆ, ಇನ್ನೊಂದಾದರೆ ಸೋಲು. ಮೂರನೇ ಬೇಸಿನಲ್ಲಿ ಅವರದೊಬ್ಬ ಹುಡುಗಿ ಓಡಲು ಕಾದಿದ್ದಾಳೆ. ಬ್ಯಾಟು ಹಿಡಿದು ಬಂದವಳು ಅದಿತಿ. ಅವಳ ಬೆನ್ನ ಹಿಂದೆ ಬಗ್ಗಿ ನಿಂತ ಅಂಪೈರು ಅವಳ ಅಪ್ಪ. ಮೂರು ಬಾಲು, ಎರಡು ಸ್ಟ್ರೈಕು. ಮುಂದಿನ ಚೆಂಡು ಹೊರಗಿದ್ದರೆ ಇವಳು ನಡೆದು ಹೋಗುತ್ತಾಳೆ, ಆಟ ಉಳಿಯುತ್ತದೆ. ಒಳಗಿದ್ದರೆ ಎಲ್ಲ ಮುಗಿಯಿತು.

ಚೆಂಡು ಬಂತು. ಅದಿತಿ ಬ್ಯಾಟು ಬೀಸಲಿಲ್ಲ.

ಚಿಕ್ಕಪ್ಪ ಅರೆಕ್ಷಣ ಕಲ್ಲಾದರು. ಆಮೇಲೆ ಬೆರಳು ಮೇಲೆ ಹೋಯಿತು. ಈ ಸಲ ಯಾರೂ ಆಕಾಶ ನೋಡಲಿಲ್ಲ.

ಅದಿತಿಯ ಕೈ ಹೆಲ್ಮೆಟ್ಟಿನ ಕಡೆ ಏರಿತು. ಮಕ್ಕಳ ಲೀಗಿನಲ್ಲಿ ಯಂತ್ರವೂ ಇಲ್ಲ, ಚಾಲೆಂಜೂ ಇಲ್ಲ. ಆದರೆ ನಮ್ಮ ಮನೆಯಲ್ಲಿ ಇದೆಯಲ್ಲ! ತಟ್ಟಿಕೊಳ್ಳುತ್ತಾಳೆ ಎಂದು ನಾನು ಉಸಿರು ಹಿಡಿದೆ. ಅವಳು ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತಿರುಗಿ, ಅಪ್ಪನ ಕೈ ಕುಲುಕಿ, "ಗುಡ್ ಕಾಲ್, ಅಂಪ್," ಎಂದಳು.

ಮನೆಗೆ ಬಂದು ಗ್ಯಾರೇಜಿನಲ್ಲಿ ಸಾಮಾನು ಇಳಿಸುತ್ತಿದ್ದಾಗ ಚಿಕ್ಕಪ್ಪ ನನ್ನೊಬ್ಬಳಿಗೆ ಕೇಳುವಂತೆ, "ನಾನು ಕಣ್ಣು ಮಿಟುಕಿಸಿಬಿಟ್ಟೆ ಕಣಮ್ಮ," ಎಂದರು.

"ಏನು?"

"ಆ ಚೆಂಡು ನಾನು ನೋಡ್ಲೇ ಇಲ್ಲ. ಅನುಮಾನ ಇದ್ರೆ ಬ್ಯಾಟಿಂಗ್ ಮಾಡೋರಿಗೆ ಬಿಡ್ಬೇಕು ಅಂತ ಜೀವಮಾನವೆಲ್ಲ ಕಿರುಚಿದೀನಿ. ನಿಂತಿದ್ದು ನನ್ನ ಮಗಳು. ಬಿಟ್ರೆ, ಅಪ್ಪ ಅಂತ ಬಿಟ್ಟ ಅಂತ ಅವಳನ್ನ ಆಡ್ಕೊಳ್ತಾರಲ್ಲ? ಕೈ ತಾನೇ ಮೇಲೆ ಹೋಯ್ತು." ಹಸಿರು ಕುರ್ಚಿಯನ್ನು ಗೋಡೆಗೆ ಒರಗಿಸುತ್ತಾ, "ಅದು ಸ್ಟ್ರೈಕೇ ಅಂತ ಅವಳೇ ಹೇಳಿದಳಲ್ಲ. ಅಷ್ಟು ಸಾಕು," ಎಂದರು.

ಮಾರನೇ ದಿನ ಅದಿತಿಯನ್ನು ಡ್ಯಾನ್ಸ್ ಕ್ಲಾಸಿಗೆ ಡ್ರೈವ್ ಮಾಡುತ್ತಾ ಸುಮ್ಮನೆ ಕೇಳಿದೆ. "ಆ ಚೆಂಡು ಒಳಗೇ ಇತ್ತಾ?"

ಅವಳು ಕಿಟಕಿಯ ಹೊರಗೆ ನೋಡುತ್ತಾ ಎರಡು ಕೈಯನ್ನೂ ಒಂದು ಗೇಣು ಅಗಲಿಸಿ ತೋರಿಸಿದಳು. "ಔಟ್‌ಸೈಡ್ ಅಕ್ಕಾ. ದಿಸ್ ಮಚ್. ಅಪ್ಪಂಗೆ ಹೇಳ್ಬೇಡ, ಪ್ಲೀಸ್."

"ಮತ್ತೆ ಗುಡ್ ಕಾಲ್ ಅಂದೆ?"

"ಎಲ್ರೂ ಅಪ್ಪನ್ನೇ ನೋಡ್ತಿದ್ರು ಅಕ್ಕಾ."

ಹೈವೇಯಿಂದ ಇಳಿಯಬೇಕಾದ ಎಕ್ಸಿಟ್ ನನಗೆ ತಪ್ಪಿಹೋಯಿತು.

ಆಮೇಲೆ ಚಿಕ್ಕಪ್ಪ ಟಿವಿಯ ಮೇಲಿನ ಟೇಪು ತಾವೇ ಕಿತ್ತರು. ಈಗ ಅಂಪೈರು ತಪ್ಪು ಮಾಡಿದರೆ, "ಪಾಪ, ಕಣ್ಣು ಮಿಟುಕಿಸಿರ್ಬೇಕು," ಎನ್ನುತ್ತಾರೆ. ಚಿಕ್ಕಮ್ಮನಿಗೆ ಇವರಿಗೆ ಜ್ವರ ಬಂದಿದೆಯೇನೋ ಎಂಬ ಅನುಮಾನ!

ಡಿಸೆಂಬರಿನಲ್ಲಿ ಪ್ರಶಸ್ತಿ ಸಭೆ ಸೇರಿತು. ಪಾವು ಫಳಫಳ ಹೊಳೆಯುತ್ತಿತ್ತು. ನಾನು ಅದಿತಿಯ ಹೆಸರು ಸೂಚಿಸಿದೆ.

"ಅವಳು ಫುಟ್‌ಬಾಲೇ ಆಡಲ್ವಲ್ಲೇ!" ಎಂದರು ಅಧ್ಯಕ್ಷರು. "ಕಾರಣ?"

"ಕಾರಣ ಹೇಳೋ ಹಾಗಿಲ್ಲ."

"ಹಾಗಾದ್ರೆ ತಿರಸ್ಕೃತ."

ನಾನು ಗಂಭೀರವಾಗಿ ತಲೆ ತಟ್ಟಿಕೊಂಡೆ. ತೀರ್ಪು ಹೇಳಲು ಯಂತ್ರದ ಜಾಗಕ್ಕೆ ಚಿಕ್ಕಮ್ಮ ಬಂದರು. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ತಾಯಿಗೆ ಎಷ್ಟು ಗೊತ್ತಿತ್ತೋ, ನಾನಂತೂ ಹೇಳಿರಲಿಲ್ಲ. "ಅವಳಿಗೇ ಕೊಡ್ರೀ," ಎಂದರು. ಡೆಟ್ರಾಯಿಟಿನಿಂದ ಅಪ್ಪ, ಏನೂ ತಿಳಿಯದೆ, ಜೋರಾಗಿ ಚಪ್ಪಾಳೆ ತಟ್ಟಿದರು.

ಆ ರಾತ್ರಿ ಪಾವು ಅಕ್ಕಿ ಡಬ್ಬಕ್ಕೆ ಹೋಗಲಿಲ್ಲ. ನಮ್ಮ ಪ್ರಶಸ್ತಿ ಗೆದ್ದವರು ಬಂದು ತೆಗೆದುಕೊಂಡು ಹೋಗಿದ್ದು ಅದೇ ಮೊದಲು. ಈಗ ಅದು ಅದಿತಿಯ ಮೇಜಿನ ಮೇಲೆ ಪೆನ್ಸಿಲು ತುಂಬಿಕೊಂಡು ಕೂತಿದೆ. ಚಿಕ್ಕಮ್ಮ ಪ್ಲಾಸ್ಟಿಕ್ ಲೋಟದಲ್ಲಿ ಅಕ್ಕಿ ಅಳೆಯುತ್ತಾರೆ, ಅನ್ನ ದಿನಕ್ಕೊಂದು ಥರ ಆಗುತ್ತದೆ, ಚಿಕ್ಕಪ್ಪ ಚಾಲೆಂಜು ಮಾಡುವುದಿಲ್ಲ. ಮುಂದಿನ ಬೇಸಿಗೆಗೆಂದು ಅವಳೇ ಹಸಿರು ಕುರ್ಚಿಯ ಬೆನ್ನಿಗೆ ಮಾರ್ಕರಿನಲ್ಲಿ ವಕ್ರವಕ್ರ ಕನ್ನಡ ಅಕ್ಷರದಲ್ಲಿ "ಅಪ್ಪ" ಎಂದು ಬರೆದಿಟ್ಟಿದ್ದಾಳೆ. ಅವಳಿಗೆ ಬರೆಯಲು ಬರುವುದು ಅಷ್ಟೇ ಕನ್ನಡ.

ಗುಟ್ಟನ್ನು ಹೀಗೆ ಬಯಲು ಮಾಡಿದೆನಲ್ಲ ಎನ್ನುತ್ತೀರಾ? ಅದಿತಿ ಇಷ್ಟುದ್ದ ಕನ್ನಡ ಓದಲಾರಳು. ಚಿಕ್ಕಪ್ಪ ಸ್ಕೋರ್ ಇಲ್ಲದ ಬರಹವನ್ನು ಎರಡನೇ ಪ್ಯಾರಾಕ್ಕೇ ಬಿಡುತ್ತಾರೆ, ಅದಕ್ಕೇ ಇದನ್ನು ಇಷ್ಟು ಕೆಳಗೆ ಬಚ್ಚಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ನಿಮ್ಮ ಮೇಲೆ ಬೀಳುವ ಏಟಿಗೆ ಅಡ್ಡ ನಿಂತು, "ಗುಡ್ ಕಾಲ್" ಎಂದು ಕೈ ಕುಲುಕಿ ಹೋದವರು ಯಾರಾದರೂ ಇದ್ದಾರೆಯೇ? ಇದ್ದರೆ ನನಗೂ ಬರೆದು ತಿಳಿಸಿ. ಕನ್ನಡದಲ್ಲೇ ಬರೆಯಿರಿ. ಇಲ್ಲಿ ಕ್ಷೇಮವಾಗಿರುತ್ತದೆ.